ಹಿತ್ತಾಳೆಯ ಪುಟ್ಟ ಫಿರಂಗಿ: ಲೇತ್ ಕೆಲಸದ ಪ್ರಶ್ನೋತ್ತರ

ಪ್ರಶ್ನೆ (ಉಡುಪಿಯ ಸದಸ್ಯರಿಂದ):

ನಮಸ್ಕಾರ ಸರ್. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮಣಿಪಾಲದ ಮನೆಯ ಹಿಂಬದಿಯ ಕೋಣೆಯಲ್ಲಿ ಒಂದು ಸಣ್ಣ ಬೆಂಚ್ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಹವ್ಯಾಸಕ್ಕಾಗಿ ಕೆಲಸ ಕಲಿಯುತ್ತಿದ್ದೇನೆ. ಮೊಮ್ಮಗನಿಗೆ ಮಂಗಳೂರಿನ ಸುಲ್ತಾನ್ ಬತ್ತೇರಿಯನ್ನು ತೋರಿಸಿದಾಗಿನಿಂದ ಟಿಪ್ಪುವಿನ ಕಾಲದ ಒಂದು ಫಿರಂಗಿಯ ಮಾದರಿಯನ್ನು ನಾನೇ ಮಾಡಬೇಕೆಂಬ ಆಸೆ ಹುಟ್ಟಿದೆ. 35 ಮಿ.ಮೀ. ದಪ್ಪದ ಹಿತ್ತಾಳೆ ರಾಡ್ ಸಿಕ್ಕಿದೆ. ಅಳತೆಗಳನ್ನು ಹೇಗೆ ನಿರ್ಧರಿಸಬೇಕು, ನಳಿಗೆಯ ಇಳಿಜಾರನ್ನು ಹೇಗೆ ಕಡೆಯಬೇಕು ಎಂಬುದನ್ನು ತಿಳಿಸಿಕೊಡಬೇಕು. ಪಟಾಕಿಯ ಚಿಟಿಕೆ ಮದ್ದು ಹಾಕಿ ಒಂದು ಸಲ ಸಿಡಿಸಿ ತೋರಿಸುವಂತೆ ಮಾಡಬಹುದೇ ಎಂದೂ ಮೊಮ್ಮಗ ಕೇಳುತ್ತಿದ್ದಾನೆ.

ಉತ್ತರ (ಬೈಕಂಪಾಡಿಯ ಟೂಲ್ ರೂಮಿನಿಂದ):

ಮಾನ್ಯರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ. ಸಿಡಿಸುವ ಯೋಚನೆಯನ್ನು ದಯವಿಟ್ಟು ಇಂದೇ ಬಿಟ್ಟುಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯು ಸ್ಫೋಟಕದ ಬಲದಿಂದ ಏನನ್ನಾದರೂ ಚಿಮ್ಮಿಸುವಂತೆ ರಚಿಸಿದ ಎಲ್ಲ ಸಾಧನಗಳನ್ನೂ ಒಳಗೊಳ್ಳುತ್ತದೆ. ಫಿರಂಗಿಯೂ ಅದರಲ್ಲಿ ಸೇರಿದೆ, ಮತ್ತು ಗಾತ್ರ ಚಿಕ್ಕದು ಎಂಬ ಕಾರಣಕ್ಕೆ ಆ ವ್ಯಾಖ್ಯೆಯಲ್ಲಿ ವಿನಾಯಿತಿ ಇಲ್ಲ. ಪರವಾನಗಿ ಇಲ್ಲದೆ ಅಂಥದ್ದನ್ನು ತಯಾರಿಸುವುದನ್ನು ಅದೇ ಕಾಯ್ದೆಯ 5ನೇ ಕಲಮು ನಿಷೇಧಿಸುತ್ತದೆ. ಕಾನೂನಿನ ಮಾತು ಹಾಗಿರಲಿ, ಅಂಗಡಿಯಲ್ಲಿ ತೂಕಕ್ಕೆ ಕೊಂಡ ರಾಡಿನ ಒಳಗೆ ಬಿರುಕು ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ, ನೋಡುವವನಾದರೋ ಮೊಮ್ಮಗ. ಆದ್ದರಿಂದ ಬಾಯಿಯಿಂದ 30 ಮಿ.ಮೀ. ಆಳದವರೆಗೆ ಮಾತ್ರ ರಂಧ್ರ ಕೊರೆಯಿರಿ. ಬತ್ತಿಯ ರಂಧ್ರ ಇರಬೇಕಾದ ಜಾಗದಲ್ಲಿ ಸೆಂಟರ್ ಡ್ರಿಲ್ಲಿನಿಂದ (ರಂಧ್ರದ ಜಾಗ ಗುರುತಿಸುವ ಗಿಡ್ಡ ಡ್ರಿಲ್) ಒಂದು ಚುಕ್ಕೆ ಹಾಕಿದರೆ ಸಾಕು. ಹೊರಗಿನಿಂದ ನೋಡುವವರಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ, ನಳಿಗೆ ಮಾತ್ರ ಗಟ್ಟಿ ಲೋಹವಾಗಿಯೇ ಉಳಿಯುತ್ತದೆ. ಗಾಲಿ ಉರುಳುವುದು, ನಳಿಗೆ ಮೇಲೆ ಕೆಳಗೆ ಆಡುವುದು, ಹಿಂಬದಿಯ ಬೆಣೆ ಸರಿಯುವುದು, ಇವಿಷ್ಟು ಚಲನೆಗಳನ್ನು ಸರಿಯಾಗಿ ಮಾಡಿದರೆ ಅದು ಕೆಲಸ ಮಾಡುವ ಮಾದರಿಯೇ ಆಗುತ್ತದೆ.

ಇನ್ನು ಅಳತೆಯ ವಿಚಾರಕ್ಕೆ ಬರೋಣ. ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ್ದು ಯುದ್ಧನೌಕೆಗಳು ಗುರುಪುರ ನದಿಯೊಳಗೆ ನುಗ್ಗದಂತೆ ತಡೆಯುವುದಕ್ಕಾಗಿ. ಆ ಕಾಲದ ನೌಕೆಗಳಲ್ಲೂ ಕೋಟೆಗಳಲ್ಲೂ ಇದ್ದ 24 ಪೌಂಡಿನ (ಅಷ್ಟು ತೂಕದ ಗುಂಡು ಹಾರಿಸುವ) ಬ್ರಿಟಿಷ್ ಫಿರಂಗಿಯನ್ನು ಮಾದರಿಗೆ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅದರ ನಳಿಗೆಯ ಒಳವ್ಯಾಸ 5.82 ಇಂಚು, ಅಂದರೆ ಸುಮಾರು 148 ಮಿ.ಮೀ.; ಒಂಬತ್ತೂವರೆ ಅಡಿ ಉದ್ದದ ನಮೂನೆಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿದರೆ ಉದ್ದ 181 ಮಿ.ಮೀ., ಒಳವ್ಯಾಸ 9.25 ಮಿ.ಮೀ. ಆಗುತ್ತದೆ. ಉದ್ದವನ್ನು ಹಿಂಬದಿಯ ದೊಡ್ಡ ಬಳೆಯಿಂದ ಬಾಯಿಯವರೆಗೆ ಮಾತ್ರ ಅಳೆಯುತ್ತಾರೆ. ಆ ಬಳೆಯ ಹಿಂದೆ ಚಾಚುವ ಬಾಲದ ಗುಂಡಿಗೂ ಲೇತಿನಲ್ಲಿ ಹಿಡಿದುಕೊಳ್ಳುವುದಕ್ಕೂ ಬೇರೆಯಾಗಿ ಉದ್ದ ಬೇಕಾಗುವುದರಿಂದ ರಾಡನ್ನು 230 ಮಿ.ಮೀ.ಗಿಂತ ಚಿಕ್ಕದಾಗಿ ಕತ್ತರಿಸಬೇಡಿ.

ಹದಿನೆಂಟನೆಯ ಶತಮಾನದ ವಿನ್ಯಾಸಕಾರರು ಎಲ್ಲ ಭಾಗಗಳನ್ನೂ ಬಾಯಿಯ ವ್ಯಾಸ (ಅಂದರೆ ಒಳವ್ಯಾಸ) ಮತ್ತು ಒಟ್ಟು ಉದ್ದದ ಏಳನೇ ಒಂದು ಭಾಗ, ಈ ಎರಡು ಅಳತೆಗಳಿಂದಲೇ ಲೆಕ್ಕ ಹಾಕುತ್ತಿದ್ದರು. ನಳಿಗೆಯು ಗಾಡಿಯ ಮೇಲೆ ಕೂರಲು ಆಧಾರವಾದ ಟ್ರನಿಯನ್ ಎಂಬ ಎರಡು ತೋಳುಗಳ ಸ್ಥಾನ ಹಿಂಬದಿಯಿಂದ ಏಳರಲ್ಲಿ ಮೂರು ಪಾಲು ದೂರದಲ್ಲಿರುತ್ತದೆ, ಎಂದರೆ ನಿಮ್ಮ ಮಾದರಿಯಲ್ಲಿ 77.6 ಮಿ.ಮೀ. ಅವುಗಳ ದಪ್ಪವೂ ಚಾಚುವಿಕೆಯೂ ಒಂದೊಂದು ಬಾಯಿಯ ವ್ಯಾಸದಷ್ಟು. ಹೊರಮೈ ಒಂದೇ ಇಳಿಜಾರಲ್ಲ. ಹಿಂಭಾಗ ಸುಮಾರು 52 ಮಿ.ಮೀ., ನಡುಭಾಗ 35, ಮುಂಭಾಗ 94 ಎಂದು ಮೂರು ಹಂತಗಳಿದ್ದು, ಪ್ರತಿ ಹಂತಕ್ಕೂ ಬೇರೆ ಬೇರೆ ಇಳಿಜಾರು ಇರುತ್ತದೆ. ಈ ಹಂತಗಳನ್ನು ಬಿಟ್ಟು ಒಂದೇ ಕೋನದಲ್ಲಿ ಕಡೆದ ಮಾದರಿಗಳು ಎಷ್ಟೇ ಹೊಳೆದರೂ ಫಿರಂಗಿಯಂತೆ ಕಾಣುವುದಿಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಹೆಚ್ಚಿನ ಹವ್ಯಾಸಿಗಳು ನಳಿಗೆಯನ್ನು ಪೂರ್ತಿ ಕಡೆದ ಮೇಲೆ ಟ್ರನಿಯನ್ನಿಗೆ ಅಡ್ಡ ರಂಧ್ರ ಹಾಕಲು ಹೊರಡುತ್ತಾರೆ. ಆ ಹೊತ್ತಿಗೆ ಮೈ ಇಳಿಜಾರಾಗಿರುವುದರಿಂದ ವಿ-ಬ್ಲಾಕಿನಲ್ಲಿ (ದುಂಡು ರಾಡನ್ನು ಕೂರಿಸುವ ವಿ ಆಕಾರದ ಹಳ್ಳವಿರುವ ದಿಮ್ಮಿ) ನೆಟ್ಟಗೆ ಕೂರುವುದಿಲ್ಲ, ರಂಧ್ರ ಓರೆಯಾಗುತ್ತದೆ. ರಾಡ್ ಇನ್ನೂ ಒಂದೇ ದಪ್ಪವಾಗಿರುವಾಗಲೇ ಅಡ್ಡ ರಂಧ್ರವನ್ನು ಮುಗಿಸಿಬಿಡಿ. ಆ ಕಾಲದ ಫಿರಂಗಿಗಳಲ್ಲಿ ಟ್ರನಿಯನ್ನಿನ ನಡುಗೆರೆ ನಳಿಗೆಯ ನಡುಗೆರೆಗಿಂತ ಅರ್ಧ ಬಾಯಿಯಷ್ಟು ಕೆಳಗಿರುತ್ತಿತ್ತು, ಹೀಗೆ 4.6 ಮಿ.ಮೀ. ಪಕ್ಕಕ್ಕೆ ಸರಿದ ಜಾಗದಲ್ಲಿ ಡ್ರಿಲ್ ಬಿಟ್ಟನ್ನು ನೇರವಾಗಿ ಇಳಿಸಿದರೆ ಅದು ದುಂಡು ಮೈಯ ಮೇಲೆ ಜಾರುತ್ತದೆ. ಮೊದಲು ಎಂಡ್ ಮಿಲ್ಲಿನಿಂದ (ತುದಿಯಿಂದ ಸಮತಟ್ಟಾಗಿ ಕೊರೆಯುವ ಕಟರ್) ಒಂದು ಸಣ್ಣ ಸಮತಟ್ಟು ಮಾಡಿ, ಅಲ್ಲಿ ಸೆಂಟರ್ ಡ್ರಿಲ್ ಹಾಕಿ, ಬಳಿಕ ತುಸು ಕಡಿಮೆ ಅಳತೆಯ ಬಿಟ್ಟಿನಿಂದ ಕೊರೆದು ರೀಮರ್ (ರಂಧ್ರವನ್ನು ನಿಖರ ಅಳತೆಗೆ ತರುವ ಟೂಲ್) ಆಡಿಸಿ. ಆ ರಂಧ್ರಕ್ಕೆ ಹಿತ್ತಾಳೆಯ ತುಂಡೊಂದನ್ನು ಲಾಕ್‌ಟೈಟ್ ಅಂಟು ಹಾಕಿ ಬಿಗಿಯಾಗಿ ಕೂರಿಸಿದರೆ ಟರ್ನಿಂಗ್ ಮಾಡುವಾಗ ಟೂಲ್ ಹೊಡೆದುಕೊಳ್ಳುವುದಿಲ್ಲ. ಕಡೆದು ಮುಗಿದ ಮೇಲೆ ಬಿಸಿ ಮಾಡಿದರೆ ಅದು ಸಡಿಲಗೊಂಡು ಹೊರಬರುತ್ತದೆ. ಕೊನೆಗೆ ಟ್ರನಿಯನ್ ರಾಡನ್ನು ಈ ಬದಿಯಿಂದ ಆ ಬದಿಗೆ ಒಂದೇ ತುಂಡಾಗಿ ಹಾಯಿಸಿ.

ಹಿಂಭಾಗ ಮತ್ತು ನಡುಭಾಗಗಳು ಗಿಡ್ಡವಾಗಿರುವುದರಿಂದ ಕಂಪೌಂಡ್ ಸ್ಲೈಡನ್ನು (ಟೂಲನ್ನು ಬೇಕಾದ ಕೋನದಲ್ಲಿ ಸರಿಸುವ ಭಾಗ) ಓರೆ ಮಾಡಿ ಕಡೆಯಬಹುದು. ಮುಂಭಾಗದ 94 ಮಿ.ಮೀ.ಗೆ ಸಣ್ಣ ಲೇತಿನ ಸ್ಲೈಡ್ ಸಾಲುವುದಿಲ್ಲ, ಅಲ್ಲಿ ರಾಡಿನ ಇನ್ನೊಂದು ತುದಿಗೆ ಆಧಾರ ಕೊಡುವ ಟೇಲ್‌ಸ್ಟಾಕನ್ನೇ ಸರಿಸಬೇಕು. ದಪ್ಪ 25ರಿಂದ 19 ಮಿ.ಮೀ.ಗೆ ಇಳಿಯಬೇಕೆಂದಿಟ್ಟುಕೊಳ್ಳಿ, ರಾಡನ್ನು ಎರಡೂ ತುದಿಗಳಲ್ಲಿ ಹಿಡಿಯುವ ಮೊನೆಗಳಾದ ಎರಡು ಸೆಂಟರುಗಳ ನಡುವಿನ ಉದ್ದ 220 ಆಗಿದ್ದರೆ, ವ್ಯಾಸಗಳ ವ್ಯತ್ಯಾಸವಾದ 6ನ್ನು 220ರಿಂದ ಗುಣಿಸಿ 94ರ ಎರಡರಷ್ಟರಿಂದ ಭಾಗಿಸಿದಾಗ ಸುಮಾರು 7 ಮಿ.ಮೀ. ಬರುತ್ತದೆ. ಬಾಯಿಯ ತುದಿ ಟೇಲ್‌ಸ್ಟಾಕಿನ ಕಡೆ ಇದ್ದರೆ ಅಷ್ಟನ್ನು ನಿಮ್ಮ ಕಡೆಗೆ ಸರಿಸಿ. ಓರೆಯಾದಾಗ ಸೆಂಟರಿನ ಮೊನೆ ಗುಳಿಯ ಒಂದೇ ಅಂಚನ್ನು ತಿನ್ನುತ್ತದೆ. ಮೊನೆಗೆ ಬದಲಾಗಿ ಗುಂಡು ತುದಿಯ ಬಾಲ್ ಸೆಂಟರ್ ಬಳಸಿದರೆ ಈ ತೊಂದರೆ ತಪ್ಪುತ್ತದೆ.

ಮರುಪ್ರಶ್ನೆ (ಸುರತ್ಕಲ್‌ನ ಐಟಿಐ ವಿದ್ಯಾರ್ಥಿಯಿಂದ):

ಸರ್, ಹಿತ್ತಾಳೆಗೆ ಡ್ರಿಲ್ ಹಾಕುವಾಗ ಬಿಟ್ ಒಮ್ಮೆಲೇ ಕಚ್ಚಿಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಉಕ್ಕಿನಲ್ಲಿ ಹಾಗಾಗುವುದಿಲ್ಲ. ಕಾರಣವೇನು?

ಉತ್ತರ:

ಅಂಗಡಿಯ ಬಿಟ್ಟಿನ ಅಂಚು ಉಕ್ಕಿಗೆ ಬೇಕಾದಂತೆ ಮುಂದಕ್ಕೆ ಬಾಗಿ ಚೂಪಾಗಿರುತ್ತದೆ. ಮೃದುವಾದ ಹಿತ್ತಾಳೆಯಲ್ಲಿ ಆ ಅಂಚು ತಿರುಪಿನಂತೆ ತನ್ನನ್ನು ತಾನೇ ಒಳಕ್ಕೆ ಸೆಳೆದುಕೊಳ್ಳುತ್ತದೆ. ಎರಡೂ ಕತ್ತರಿಸುವ ಅಂಚುಗಳ ಒಳಮುಖಕ್ಕೆ ಸಣ್ಣ ಎಣ್ಣೆಕಲ್ಲನ್ನು ಬಿಟ್ಟಿನ ಉದ್ದಕ್ಕೆ ಸಮಾನಾಂತರವಾಗಿ ಹಿಡಿದು ನಾಲ್ಕಾರು ಸಲ ಉಜ್ಜಿ. ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟು ಅಗಲದ ಹೊಳೆಯುವ ಪಟ್ಟಿ ಕಂಡರೆ ಸಾಕು. ಟರ್ನಿಂಗ್ ಟೂಲಿನ ಮೇಲ್ಮೈಯನ್ನೂ ಇಳಿಜಾರಿಲ್ಲದೆ ಸಮತಟ್ಟಾಗಿ ಮಸೆಯಿರಿ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿಗೆ ನಿಮಿಷಕ್ಕೆ 60 ಮೀಟರಿನ ವೇಗ ಹಿಡಿದರೆ 35 ಮಿ.ಮೀ. ರಾಡಿಗೆ ಸುಮಾರು 550 ಸುತ್ತು ಬರುತ್ತದೆ.

ಲೇತಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಟೇಲ್‌ಸ್ಟಾಕಿನ ಬಿಟ್ ತಿರುಗದೆ ನಿಂತಿರುತ್ತದೆ. ನಿಜವಾದ ಫಿರಂಗಿಗಳನ್ನೂ ಹೀಗೆಯೇ ಕೊರೆಯುತ್ತಿದ್ದರು. ಗಟ್ಟಿಯಾಗಿ ಎರಕ ಹೊಯ್ದ ಫಿರಂಗಿಯನ್ನೇ ತಿರುಗಿಸಿ ಕೊರೆಯುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಜಾನ್ ವಿಲ್ಕಿನ್ಸನ್ 1774ರಲ್ಲಿ ಪೇಟೆಂಟ್ ಪಡೆದರು. ಮುಂದೆ ಜೇಮ್ಸ್ ವಾಟ್ ಅವರ ಉಗಿಯಂತ್ರಕ್ಕೆ ಬೇಕಾದ ನಿಖರ ಸಿಲಿಂಡರುಗಳನ್ನು ಕೊರೆದು ಕೊಟ್ಟವರೂ ಅವರೇ. ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಕೌಂಟ್ ರಮ್‌ಫೋರ್ಡ್, ಮೊಂಡು ಟೂಲನ್ನು ಒತ್ತಿ ಹಿಡಿದು ಕುದುರೆಗಳಿಂದ ಯಂತ್ರ ತಿರುಗಿಸಿದಾಗ ಸುತ್ತಲಿನ ನೀರು ಎರಡೂವರೆ ಗಂಟೆಯಲ್ಲಿ ಕುದಿಯಿತೆಂದು 1798ರಲ್ಲಿ ಪ್ರಕಟಿಸಿದರು. ಉಷ್ಣದ ಸ್ವರೂಪದ ಕುರಿತ ಚರ್ಚೆಗೆ ಆ ಪ್ರಯೋಗ ತಿರುವು ಕೊಟ್ಟಿತು. ನಿಮ್ಮ ರಾಡ್ ಕೈಗೆ ಬಿಸಿ ತಾಗಿದರೆ ತಣಿಯಲು ಬಿಟ್ಟು ಆಮೇಲೆ ಮೈಕ್ರೋಮೀಟರ್ ಹಿಡಿಯಿರಿ. ಬಿಸಿಯಾದ ಹಿತ್ತಾಳೆ ಹಿಗ್ಗಿರುತ್ತದೆ, ಆಗ ತೆಗೆದ ಅಳತೆಯನ್ನು ನಂಬುವಂತಿಲ್ಲ.

ಮರುಪ್ರಶ್ನೆ (ಕುಂದಾಪುರದ ಸದಸ್ಯರಿಂದ):

ಟಿಪ್ಪುವಿನ ಫಿರಂಗಿಗಳ ಬಾಯಿ ಹುಲಿಮುಖದ ಆಕಾರದಲ್ಲಿತ್ತಲ್ಲವೇ? ಅದನ್ನೇ ಮಾಡಿದರೆ ನಮ್ಮ ನಾಡಿಗೆ ಹೆಚ್ಚು ಹೊಂದುವುದಿಲ್ಲವೇ?

ಉತ್ತರ:

ಖಂಡಿತವಾಗಿಯೂ ಹೊಂದುತ್ತದೆ, ನನಗೂ ಅದು ಬಹಳ ಇಷ್ಟ. ಶ್ರೀರಂಗಪಟ್ಟಣದಲ್ಲಿ ಎರಕ ಹೊಯ್ದ ಕಂಚಿನ ಫಿರಂಗಿಗಳಲ್ಲಿ ಬಾಯಿಗೆ ಮಾತ್ರವಲ್ಲ, ಟ್ರನಿಯನ್ನಿನ ತುದಿಗಳಿಗೂ ಹುಲಿಮುಖ ಇರುವುದುಂಟು. ಆದರೆ ಅದು ಲೇತಿನಿಂದ ಆಗುವ ಕೆಲಸವಲ್ಲ. ಮುಖವನ್ನು ಮೇಣದಲ್ಲಿ ತಿದ್ದಿ, ಎರಕದವರಿಂದ ಹೊಯ್ಯಿಸಿ, ಕಡೆದ ನಳಿಗೆಯ ತುದಿಗೆ ಹೆಗಲು ಮಾಡಿ ಸಿಲ್ವರ್ ಬೆಸುಗೆಯಿಂದ ಕೂಡಿಸಬೇಕಾಗುತ್ತದೆ. ಸರಳವಾದ ನಳಿಗೆಯೊಂದನ್ನು ಮುಗಿಸಿದ ಮೇಲೆ ಇದಕ್ಕೆ ಕೈ ಹಾಕುವುದು ಒಳ್ಳೆಯದು.

ಮರುಪ್ರಶ್ನೆ (ಮೊದಲು ಕೇಳಿದ ಉಡುಪಿಯ ಸದಸ್ಯರಿಂದ):

ತುಂಬಾ ಉಪಕಾರವಾಯಿತು ಸರ್. ಸಿಡಿಸುವ ಮಾತನ್ನು ಮೊಮ್ಮಗನಿಗೂ ತಿಳಿಹೇಳಿದ್ದೇನೆ. ಗಾಡಿಗೆ ಸಾಗುವಾನಿ ಆಗಬಹುದೇ? ಮಳೆಗಾಲದಲ್ಲಿ ಹಿತ್ತಾಳೆ ಕಪ್ಪಾಗದಂತೆ ಏನು ಮಾಡಬೇಕು?

ಉತ್ತರ:

ಸಾಗುವಾನಿ ಗಟ್ಟಿ ಮರವೇನೋ ಹೌದು, ಆದರೆ ಈ ಗಾತ್ರದಲ್ಲಿ ಅದರ ಒರಟು ಎಳೆಗಳು ಎದ್ದು ಕಂಡು ಗಾಡಿಯ ಪ್ರಮಾಣವನ್ನೇ ಕೆಡಿಸುತ್ತವೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರದ ಎಳೆ ಬಹಳ ನಯವಾಗಿರುತ್ತದೆ; ಸಿಕ್ಕಿದರೆ ಅದನ್ನೇ ಆರಿಸಿ, ಬೇಕಾದ ಬಣ್ಣ ಹಚ್ಚಿಕೊಳ್ಳಿ. ನಮ್ಮ ಕರಾವಳಿಯ ಆಷಾಢದಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಉರುಳಿದ ಗಾಲಿ ಮಳೆಗಾಲದಲ್ಲಿ ಅಚ್ಚಿಗೆ ಕಚ್ಚಿ ನಿಲ್ಲದಿರಲು ಗಾಲಿಯ ರಂಧ್ರಕ್ಕೆ ತೆಳುವಾದ ಹಿತ್ತಾಳೆಯ ಬುಷ್ ಹಾಕಿ.

ಹಿತ್ತಾಳೆಗೆ ಎಮರಿ ಕಾಗದವನ್ನು 400ರಿಂದ 1200ರವರೆಗೆ ಕ್ರಮವಾಗಿ ಹಿಡಿದು, ಬಳಿಕ ಬ್ರಾಸೋ ಹಾಕಿ ಉಜ್ಜಿ. ಪಾಲಿಶಿನ ಅಂಶ ಚೂರೂ ಉಳಿಯದಂತೆ ಥಿನ್ನರಿನಿಂದ ಒರೆಸಿದ ಮೇಲೆ, ಬರಿಗೈ ತಾಗಿಸದೆ, ಮಳೆಯಿಲ್ಲದ ಒಣ ದಿನವೊಂದರಲ್ಲಿ ತೆಳುವಾಗಿ ಎರಡು ಸಲ ಲ್ಯಾಕರ್ ಹೊಡೆಯಿರಿ. ತೇವದ ಗಾಳಿಯಲ್ಲಿ ಹೊಡೆದ ಲ್ಯಾಕರ್ ಬಿಳಿಚಿಕೊಳ್ಳುತ್ತದೆ. ಲೇತಿನ ಬೆಡ್ಡಿನ ಮೇಲೂ ಕೆಲಸ ಮುಗಿದ ಪ್ರತಿ ಸಂಜೆ ಎಣ್ಣೆ ಬಟ್ಟೆ ಆಡಿಸುವುದನ್ನು ಮರೆಯಬೇಡಿ. ನಳಿಗೆಯ ಮೊದಲ ಹಂತವನ್ನು ಕಡೆದಾಗ ಚಿತ್ರವನ್ನೂ ಅಳತೆಗಳನ್ನೂ ಇಲ್ಲಿ ಹಾಕಿ, ಟೇಲ್‌ಸ್ಟಾಕ್ ಸರಿಸುವ ಮೊದಲು ಲೆಕ್ಕವನ್ನು ಒಟ್ಟಿಗೆ ನೋಡೋಣ.