‘ನ್ಯಾಚುರಲ್ ಎನಿಮಿ’ ಅಂದರೆ ಯಾರಿಗೆ ಶತ್ರು?

ಒಂದು ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕು. ಬೇಸಾಯದ ಪುಸ್ತಕಗಳಲ್ಲಿ ಬರುವ ‘ನ್ಯಾಚುರಲ್ ಎನಿಮಿ’ ಅನ್ನುವ ಮಾತಿಗೆ ಕನ್ನಡದಲ್ಲಿ ಏನು ಹೇಳಬೇಕು? ‘ನೈಸರ್ಗಿಕ ಶತ್ರು’ ಅನ್ನುವುದು ಈಗ ಬಳಕೆಯಲ್ಲಿದೆ. ನಾನೂ ಅದನ್ನೇ ಬರೆದೆ. ಅದರಿಂದ ಏನಾಯಿತು ಅಂತ ಕಣ್ಣಾರೆ ನೋಡಿದ ಮೇಲೆ ಆ ಮಾತನ್ನು ಇನ್ನೊಮ್ಮೆ ಬರೆಯಲು ಕೈ ಬರುತ್ತಿಲ್ಲ.

ನಮ್ಮದು ಮೂಡಿಗೆರೆ ಕಡೆ. ಸಣ್ಣ ಕಾಫಿ ತೋಟ, ರೊಬಸ್ಟಾನೇ ಜಾಸ್ತಿ. ಹೋದ ಬೇಸಿಗೆಯಲ್ಲಿ ಗಿಡದ ರಸ ಹೀರುವ ಹಿಟ್ಟು ತಿಗಣೆ (ಮೀಲಿಬಗ್) ವಿಪರೀತ ಎದ್ದಿತು. ಅಕ್ಕಪಕ್ಕದ ನಾಲ್ಕಾರು ಬೆಳೆಗಾರರಿಗೆ ಅನುಕೂಲ ಆಗಲಿ ಅಂತ ಒಂದು ಇಂಗ್ಲಿಷ್ ಕೈಪಿಡಿಯ ಎರಡು ಪುಟ ಕನ್ನಡಕ್ಕೆ ಮಾಡಿ, ಜೆರಾಕ್ಸ್ ತೆಗೆಸಿ ಹಂಚಿದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಗಿಡಗಳಲ್ಲಿ ನೈಸರ್ಗಿಕ ಶತ್ರುಗಳು ಇವೆಯೇ ಎಂದು ವಾರಕ್ಕೊಮ್ಮೆ ನೋಡಿಕೊಳ್ಳಿ.’

ಪಕ್ಕದ ತೋಟದ ಚಿಕ್ಕಪ್ಪ ಅದನ್ನು ಶ್ರದ್ಧೆಯಿಂದ ಓದಿದ್ದರು. ಕೆಲವು ದಿನ ಬಿಟ್ಟು ನಾನು ಆ ಕಡೆ ಹೋದಾಗ ಒಂದು ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ರೆಕ್ಕೆ, ಅಂದರೆ ಗಿಡದ ಅಡ್ಡ ಕೊಂಬೆ, ಎತ್ತಿ ಎತ್ತಿ ನೋಡುತ್ತಿದ್ದರು. ಎಳೆಗಾಯಿ ಗೊಂಚಲ ಸಂದಿಯಲ್ಲೆಲ್ಲ ಹತ್ತಿ ಮೆತ್ತಿದ ಹಾಗೆ ತಿಗಣೆ. ಅದರ ನಡುವೆ ಇನ್ನೊಂದು ಹುಳು. ಅದೂ ಬಿಳಿಯೇ, ಆದರೆ ತಿಗಣೆಗಿಂತ ಎಷ್ಟೋ ದೊಡ್ಡದು. ಮೈತುಂಬ ಬಿಳಿ ಎಳೆ ಇಳಿಬಿಟ್ಟುಕೊಂಡು ಸರಸರ ಓಡಾಡುತ್ತಿತ್ತು. ಚಿಕ್ಕಪ್ಪ ಅದನ್ನು ಹೆಬ್ಬೆರಳಲ್ಲಿ ಒತ್ತಿ, ಬೆರಳನ್ನು ಎಲೆಗೆ ಒರೆಸಿದರು.

‘ನೋಡು ಮಾರಾಯ, ನೀನು ಬರ್ದಿದ್ದ ಶತ್ರು ಇದೇ ಅಲ್ವಾ? ನಿನ್ನೆಯಿಂದ ಒಂದು ನೂರಾದ್ರೂ ತೆಗ್ದಿದೀನಿ’ ಅಂದರು.

ನನಗೆ ಮಾತೇ ಹೊರಡಲಿಲ್ಲ. ಅದು ಗುಲಗಂಜಿ ಹುಳುವಿನ ಮರಿ. ಹೆಸರು ಕ್ರಿಪ್ಟೋಲೀಮಸ್. ದೊಡ್ಡದಾದ ಮೇಲೆ ಕಪ್ಪು ರೆಕ್ಕೆ, ಕಿತ್ತಳೆ ತಲೆಯ ಪುಟ್ಟ ದುಂಬಿ. ಹಿಟ್ಟು ತಿಗಣೆಯೇ ಅದಕ್ಕೆ ಊಟ. ಆಸ್ಟ್ರೇಲಿಯಾದ ಈ ಹುಳುವನ್ನು 1898ರಲ್ಲೇ ನಮ್ಮ ದೇಶಕ್ಕೆ ತಂದರು. ತಂದದ್ದೂ ಕಾಫಿಗಾಗಿಯೇ, ಗ್ರೀನ್ ಸ್ಕೇಲ್ ಅನ್ನುವ ಕೀಟದ ಮೇಲೆ ಬಿಡಲು. ಮರಿ ಇದ್ದಾಗ ಅದು ತಿಗಣೆಯ ವೇಷವನ್ನೇ ಹಾಕಿಕೊಂಡಿರುತ್ತದೆ. ಹಾಗಾಗಿ ಗೊತ್ತಿಲ್ಲದವರು ಅದನ್ನು ದೊಡ್ಡ ತಿಗಣೆ ಅಂದುಕೊಳ್ಳುತ್ತಾರೆ. ಚಿಕ್ಕಪ್ಪನಿಗೆ ಅಷ್ಟೂ ಅನುಮಾನ ಉಳಿಯಲಿಲ್ಲ, ಯಾಕೆಂದರೆ ನನ್ನ ಕಾಗದವೇ ಅದನ್ನು ‘ಶತ್ರು’ ಅಂತ ಕರೆದಿತ್ತು. ತಪ್ಪು ಅವರದ್ದಲ್ಲ. ಕನ್ನಡದಲ್ಲಿ ಓದಿ ಕನ್ನಡದ ಅರ್ಥವನ್ನೇ ತೆಗೆದುಕೊಂಡರು. ತಪ್ಪು ನನ್ನ ಸಾಲಿನದ್ದು.

ಅವತ್ತು ರಾತ್ರಿಯಿಂದ ‘ಎನಿಮಿ’ ಅನ್ನುವ ಪದದ ಬೆನ್ನು ಹತ್ತಿದ್ದೇನೆ.

ಇದು ಇಂಗ್ಲಿಷಿನ ಸ್ವಂತ ಪದ ಅಲ್ಲ. 13ನೇ ಶತಮಾನದ ಹೊತ್ತಿಗೆ ಫ್ರೆಂಚಿನಿಂದ ಬಂದದ್ದು. ಫ್ರೆಂಚಿಗೆ ಲ್ಯಾಟಿನ್‌ನಿಂದ. ಲ್ಯಾಟಿನ್ನಿನಲ್ಲಿ ಅದು ‘ಇನಿಮೀಕುಸ್’. ‘ಇನ್’ ಅಂದರೆ ಅಲ್ಲದ, ‘ಅಮೀಕುಸ್’ ಅಂದರೆ ಗೆಳೆಯ. ಈ ಅಮೀಕುಸ್ ನಮಗೆ ಹೊಸದೇನಲ್ಲ. ಕೋರ್ಟಿನ ಸುದ್ದಿ ಓದುವಾಗ ‘ಅಮಿಕಸ್ ಕ್ಯೂರಿ’ ಅಂತ ಬರುತ್ತದಲ್ಲ, ನ್ಯಾಯಾಲಯದ ಮಿತ್ರ, ಅದೇ ಅಮಿಕಸ್. ಅಂದರೆ ಎನಿಮಿ ಅಂದರೆ ಮೂಲದಲ್ಲಿ ‘ಗೆಳೆಯನಲ್ಲದವನು’, ಅಷ್ಟೇ. ಸಂಸ್ಕೃತದಲ್ಲೂ ಇದೇ ಅಚ್ಚಿನಲ್ಲಿ ಎರಕ ಹೊಯ್ದ ಪದ ಇದೆ: ಅಮಿತ್ರ.

ಅದಕ್ಕೂ ಮೊದಲು ಇಂಗ್ಲಿಷಿನವರು ಶತ್ರುವಿಗೆ ಏನನ್ನುತ್ತಿದ್ದರು? ಇಲ್ಲೊಂದು ಚೆಂದದ ಸಂಗತಿ ಇದೆ. ‘ಫ್ರೆಂಡ್’ ಮತ್ತು ‘ಫೀಂಡ್’ ಎರಡೂ ಜೋಡಿ ಪದಗಳು. ಫ್ರೆಂಡ್ ಅಂದರೆ ಪ್ರೀತಿಸುವವನು, ಫೀಂಡ್ ಅಂದರೆ ದ್ವೇಷಿಸುವವನು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಶತ್ರುವಿಗೆ ‘ಫೈಂಡ್’ ಅಂತಲೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಹೊರಗಿನಿಂದ ಎನಿಮಿ ಬಂದು ಜಾಗ ಹಿಡಿಯಿತು. ಫೀಂಡ್ ದೆವ್ವ, ಪಿಶಾಚಿಗಳ ಹೆಸರಾಗಿ ಮೂಲೆ ಸೇರಿತು.

ನಮ್ಮ ‘ಹಗೆ’ಗೂ ಹೆಚ್ಚುಕಮ್ಮಿ ಹೀಗೇ ಆಗಿದೆ. ಹಳಗನ್ನಡದಲ್ಲಿ ಅದು ‘ಪಗೆ’. ತಮಿಳಿನಲ್ಲಿ ಪಗೈ, ತೆಲುಗಿನಲ್ಲಿ ಪಗ. ಮನೆಯದೇ ಪದ. ಶತ್ರುಗಳಿಗೆ ‘ಪಗೆವರ್’ ಅನ್ನುತ್ತಿದ್ದರು. ಈಗ ‘ಹಗೆ ಸಾಧಿಸಿದ’, ‘ಹಗೆತನ’ ಅನ್ನುವಲ್ಲಿ ಉಳಿದಿದೆ, ಆದರೆ ಎದುರಿಗೆ ನಿಂತ ಮನುಷ್ಯನನ್ನು ‘ಇವನು ನನ್ನ ಹಗೆ’ ಅನ್ನುವವರು ಕಡಿಮೆ. ಅಲ್ಲಿ ಶತ್ರು, ವೈರಿ ಬಂದು ಕೂತಿವೆ. (ಬಯಲುಸೀಮೆಯ ಹಿರಿಯರಿಗೆ ಹಗೆ ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿಯ ನೆನಪೂ ಬರುತ್ತದೆ. ಆ ಹಗೇವು ಬೇರೆ ಮಾತು.)

ನನಗೆ ಮುಖ್ಯ ಅನ್ನಿಸಿದ್ದು ಮೂಲಕ್ಕಿಂತ ಬಳಕೆ. ಇಂಗ್ಲಿಷಿನಲ್ಲಿ ‘ದಿ ಎನಿಮಿ’ ಅಂತ ಸುಮ್ನೆ ಹೇಳಿಬಿಡಬಹುದು. ಯುದ್ಧದ ವರದಿಗಳಲ್ಲಿ ಹಾಗೇ ಇರುತ್ತದೆ. ಯಾರ ಶತ್ರು ಅಂತ ಹೇಳುವುದಿಲ್ಲ. ಹೇಳುತ್ತಿರುವವರ ಶತ್ರು ಅಂತ ಕೇಳುವವರೇ ತಿಳಿದುಕೊಳ್ಳಬೇಕು. ನಮ್ಮ ದೇಶದ ಕಾನೂನಿನಲ್ಲೂ ಇದೆ: 1968ರ ಎನಿಮಿ ಪ್ರಾಪರ್ಟಿ ಕಾಯ್ದೆ. ಪತ್ರಿಕೆಗಳು ‘ಶತ್ರು ಆಸ್ತಿ’ ಅಂತ ಬರೆಯುತ್ತವೆ. ಯಾರಿಗೆ ಶತ್ರು? ದೇಶಕ್ಕೆ. ಅದನ್ನು ಹೇಳಬೇಕಾಗಿಯೇ ಇಲ್ಲ.

ಆದರೆ ಜೀವವಿಜ್ಞಾನದವರು ‘ನ್ಯಾಚುರಲ್ ಎನಿಮಿ’ ಅಂದಾಗ ಮಾತಾಡುವವರ ಶತ್ರು ಅಲ್ಲ. ಅವರು ನೋಡುತ್ತಿರುವುದು ಕೀಟವನ್ನು. ಆ ಕೀಟಕ್ಕೆ ನಿಸರ್ಗದಲ್ಲಿ ಯಾರು ಶತ್ರುವೋ ಅದು. ಇಂಗ್ಲಿಷ್ ಓದುವ ವಿದ್ಯಾರ್ಥಿಗೆ ಇದನ್ನು ಪಾಠದಲ್ಲಿ ಹೇಳಿಕೊಟ್ಟಿರುತ್ತಾರೆ. ಕನ್ನಡದಲ್ಲಿ ಓದುವ ಬೆಳೆಗಾರನಿಗೆ ಯಾರು ಹೇಳಿಕೊಟ್ಟಿದ್ದಾರೆ? ಕನ್ನಡದಲ್ಲಿ ‘ಶತ್ರು’ ಅಂತ ಬರೀ ಹೇಳಿದರೆ ಅದು ನಮ್ಮ ಶತ್ರುವೇ. ಅರಿಷಡ್ವರ್ಗ ಅನ್ನುವಾಗಲೂ ಹಾಗೇ. ಅರಿ ಅಂದರೆ ಶತ್ರು, ಕಾಮ ಕ್ರೋಧ ಮುಂತಾದ ಆರೂ ನಮ್ಮ ಶತ್ರುಗಳು ಅಂತ ಯಾರೂ ಬಿಡಿಸಿ ಹೇಳದೆ ತಿಳಿಯುತ್ತದೆ. ಬೇರೆಯವರ ಶತ್ರು ಆಗಿದ್ದರೆ ನಮ್ಮವರು ಹೆಸರು ಸೇರಿಸಿಯೇ ಹೇಳುತ್ತಾರೆ. ಮುರನಿಗೆ ಅರಿ ಮುರಾರಿ. ತ್ರಿಪುರಕ್ಕೆ ಅರಿ ತ್ರಿಪುರಾರಿ.

ಹಾಸನ ಜಿಲ್ಲೆಯವರಿಗೆ ಇದನ್ನು ಹೇಳಲು ನನಗೆ ಖುಷಿ. ಬೇಲೂರು ತಾಲೂಕಿನ ಹಲ್ಮಿಡಿಯ ಕಲ್ಲು ಸುಮಾರು 450ರ ಕಾಲದ್ದು ಅನ್ನುತ್ತಾರಲ್ಲ, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು. ಅದರ ಮೊದಲ ಸಾಲುಗಳಲ್ಲೇ ಶತ್ರು ಇದ್ದಾನೆ. ಕದಂಬರ ದೊರೆಯನ್ನು ಹೊಗಳುತ್ತ ‘ಕಲಭೋರನಾ ಅರಿ’ ಅಂತ ಬರುತ್ತದೆ, ಕಲಭೋರರಿಗೆ ಶತ್ರು ಅಂತ. ಕಲ್ಲಿನಲ್ಲಿ ಕೊರೆದವರು ಯಾರ ಅರಿ ಅನ್ನುವುದನ್ನು ಬಿಟ್ಟಿಲ್ಲ. ಬಿಟ್ಟಿದ್ದರೆ ಅದು ಹೊಗಳಿಕೆ ಆಗುತ್ತಿರಲಿಲ್ಲ, ದೊರೆಯೇ ಶತ್ರು ಆಗಿಬಿಡುತ್ತಿದ್ದ. ಒಂದೂವರೆ ಸಾವಿರ ವರ್ಷದ ಹಿಂದೆ ಕಲ್ಲಿನವರು ಹಾಕಿದ ಆ ಒಂದು ಮಾತನ್ನು ನಾನು ನನ್ನ ಜೆರಾಕ್ಸ್ ಕಾಗದದಲ್ಲಿ ಹಾಕಲಿಲ್ಲ.

‘ನೈಸರ್ಗಿಕ’ ಅನ್ನುವುದೂ ಕೈ ಕೊಡುತ್ತದೆ. ನನ್ನ ಕಾಗದ ಓದಿದ ಒಬ್ಬರು ಅದನ್ನು ನಿಸರ್ಗದ ಶತ್ರು, ಕಾಡು ಹಾಳು ಮಾಡುವಂಥದ್ದು ಅಂದುಕೊಂಡರು. ಇನ್ನೊಬ್ಬರು ಹಾವು ಮುಂಗುಸಿ ಥರ ಹುಟ್ಟು ವೈರ ಅಂದುಕೊಂಡರು. ಎರಡನೆಯವರ ಊಹೆಗೆ ಹಳೆಯ ಬೇರೂ ಇದೆ. ಪಾಣಿನಿ ತನ್ನ ವ್ಯಾಕರಣದಲ್ಲಿ ಇಂಥ ಶಾಶ್ವತ ವಿರೋಧದ ಜೋಡಿಗಳಿಗೇ ಒಂದು ಸೂತ್ರ ಮಾಡಿದ್ದಾನೆ. ಎರಡು ಹೆಸರು ಸೇರಿದರೂ ಸಮಾಸ ಏಕವಚನದಲ್ಲಿ ನಿಲ್ಲುತ್ತದೆ ಅಂತ. ಅದಕ್ಕೆ ಕೊಡುವ ಉದಾಹರಣೆ ‘ಅಹಿನಕುಲ’, ಹಾವು ಮತ್ತು ಮುಂಗುಸಿ.

ಇನ್ನೊಂದು. ನಮ್ಮ ಕಡೆ ಕೀಟಕ್ಕೆ ಶತ್ರು ಅಂತ ಯಾರೂ ಬಾಯಲ್ಲಿ ಹೇಳುವುದಿಲ್ಲ. ಬೋರರ್ (ಕೊರೆಯುವ ಹುಳು) ಕಾಟ, ತಿಗಣೆ ಕಾಟ, ಹುಳದ ಬಾಧೆ. ಸಕಲೇಶಪುರ, ಆಲೂರಿನ ಕಡೆ ಆನೆ ಬಂದು ಗದ್ದೆಯನ್ನೆಲ್ಲ ತುಳಿದು ಹೋದರೂ ‘ಆನೆ ಹಾವಳಿ’ ಅನ್ನುತ್ತಾರೆ. ಶತ್ರು ಅನ್ನುವುದಕ್ಕೆ ಮನುಷ್ಯನೇ ಬೇಕು.

ಹಾಗಾದರೆ ‘ಮಿತ್ರ ಕೀಟ’ ಅನ್ನೋಣವೇ? ಕೃಷಿ ಬರಹಗಳಲ್ಲಿ ಇದೂ ಇದೆ. ಒಳ್ಳೆಯ ಮಾತು, ಅಪಾಯ ಇಲ್ಲ. ಚಿಕ್ಕಪ್ಪ ಅದನ್ನು ಓದಿದ್ದರೆ ಒಂದು ಹುಳುವನ್ನೂ ಮುಟ್ಟುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ‘ಗೆಳೆಯನಲ್ಲದ’ ಹುಳು ಕನ್ನಡಕ್ಕೆ ಬಂದ ಕೂಡಲೇ ಗೆಳೆಯನಾಗಿದೆ ಅನ್ನುವುದೂ ನನಗೆ ಇಷ್ಟವೇ. ಆದರೆ ಜೇನೂ ಮಿತ್ರ, ಎರೆಹುಳುವೂ ಮಿತ್ರ. ಈ ಹುಳು ಮಾಡುವ ಕೆಲಸ ಏನು, ಯಾವ ಕೀಟವನ್ನು ತಿನ್ನುತ್ತದೆ ಅನ್ನುವುದು ಆ ಮಾತಿನಲ್ಲಿ ಕಾಣುವುದಿಲ್ಲ. ತೋಟದಲ್ಲಿ ಅದು ಗೊತ್ತಿರಲೇಬೇಕು, ಯಾಕೆಂದರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ. ಬಂದ ಇರುವೆ ತಿಗಣೆಗೆ ಕಾವಲು ನಿಂತು, ತಿನ್ನಲು ಬಂದ ಹುಳುಗಳನ್ನು ಓಡಿಸುತ್ತದೆ. ಇದಕ್ಕೆ ಕೌಟಿಲ್ಯನ ರಾಜಮಂಡಲದಲ್ಲಿ, ಅಂದರೆ ಯಾವ ರಾಜ ಯಾರಿಗೆ ಮಿತ್ರ, ಯಾರಿಗೆ ಶತ್ರು ಅನ್ನುವ ಲೆಕ್ಕದಲ್ಲಿ, ಸರಿಯಾದ ಹೆಸರೇ ಇದೆ: ಅರಿಮಿತ್ರ, ಶತ್ರುವಿನ ಗೆಳೆಯ. ಗುಲಗಂಜಿ ಹುಳು ಅರಿಯ ಅರಿ. ಇಷ್ಟನ್ನೆಲ್ಲ ಹೇಳಲು ಬರೀ ಮಿತ್ರ, ಬರೀ ಶತ್ರು ಸಾಲುವುದಿಲ್ಲ.

ಸರಿಯಾದ ಮಾತು ನನಗೆ ಸಿಕ್ಕಿದ್ದು ನಿಘಂಟಿನಲ್ಲಲ್ಲ. ಅದೇ ವಾರ ನಮ್ಮ ತೋಟದಲ್ಲಿ ಚಿಗುರು ತೆಗೆಯುತ್ತಿದ್ದ ಅಕ್ಕ ಒಬ್ಬರಿಗೆ ಆ ಬಿಳಿ ಮರಿ ತೋರಿಸಿ, ಇದನ್ನು ಕೊಲ್ಲಬೇಡಿ, ಇದು ತಿಗಣೆಯನ್ನು ತಿನ್ನುತ್ತದೆ ಅಂತ ಹೇಳಿದೆ. ಅವರು ಕೈಯಲ್ಲಿದ್ದ ಚಿಗುರು ಕೆಳಗಿಟ್ಟು, ಬಗ್ಗಿ, ಅದು ಓಡುವುದನ್ನು ಸ್ವಲ್ಪ ಹೊತ್ತು ನೋಡಿದರು. ‘ಓ, ತಿಗಣೆಗೆ ಆಗದ ಹುಳ’ ಅಂದರು.

ಆಗದ. ಎಷ್ಟು ಸಲ ಕೇಳಿದ್ದೇವೆ ಈ ಮಾತನ್ನು! ‘ಅವರಿಗೂ ಇವರಿಗೂ ಆಗಲ್ಲ.’ ‘ನಮಗೆ ಆಗದವರು ಯಾರೋ ಮಾಡಿಸಿದ್ದಾರೆ.’ ಮಾಟ ಮಂತ್ರದ ಮಾತಿನಿಂದ ಹಿಡಿದು ಪಂಚಾಯ್ತಿ ಚುನಾವಣೆವರೆಗೆ ಊರಿನ ಶತ್ರು ಅಂದರೆ ‘ಆಗದವರು’. ಇನಿಮೀಕುಸ್, ಅಮಿತ್ರ, ಆಗದವ, ಮೂರೂ ಒಂದೇ ದಾರಿಯಲ್ಲಿ ಹುಟ್ಟಿವೆ. ಅಲ್ಲ ಅನ್ನುವುದರಿಂದಲೇ ಹೆಸರು. ಆದರೆ ‘ಆಗದ’ ಅನ್ನುವುದರಲ್ಲಿ ಇನ್ನೊಂದು ಗುಣ ಇದೆ. ಅದು ‘ಗೆ’ ಇಲ್ಲದೆ ಮುಂದೆ ಹೋಗುವುದೇ ಇಲ್ಲ. ಯಾರಿಗೆ ಆಗದ? ಹೇಳಲೇಬೇಕು. ನನ್ನ ಸಾಲು ಬಿಟ್ಟಿದ್ದು ಸರಿಯಾಗಿ ಅದನ್ನೇ.

ಈಗ ಕಾಗದ ತಿದ್ದಿ ಮತ್ತೆ ಹಂಚಿದ್ದೇನೆ: ‘ತಿಗಣೆಗೆ ಆಗದ ಹುಳುಗಳು ಗಿಡದಲ್ಲಿ ಇವೆಯೇ ನೋಡಿ. ಇದ್ದರೆ ಮುಟ್ಟಬೇಡಿ.’ ಚಿಕ್ಕಪ್ಪ ಓದಿ, ‘ಇದನ್ನ ಮೊದಲೇ ಹಿಂಗೇ ಬರೀಬಾರ್ದಿತ್ತಾ’ ಅಂದರು. ಆಮೇಲೆ ತಮ್ಮ ಗಿಡಗಳಿಗೆ ಬಿಡಲು ನಮ್ಮ ತೋಟದಿಂದ ಹತ್ತು ಹನ್ನೆರಡು ಮರಿಗಳನ್ನು ಎಲೆ ಸಮೇತ ಒಂದು ಡಬ್ಬಿಯಲ್ಲಿ ತೆಗೆದುಕೊಂಡು ಹೋದರು.

ಆದರೂ ಪಠ್ಯಪುಸ್ತಕಕ್ಕೆ, ತಲೆಬರಹಕ್ಕೆ ಒಂದು ಗಟ್ಟಿ ಪದ ಬೇಕಾಗುತ್ತದೆ. ‘ಕೀಟಕ್ಕಾಗದ ಹುಳು’ ಉದ್ದವಾಯಿತೇ? ‘ಕೀಟದ ಹಗೆ’ ಅಂದರೆ ಹೇಗೆ? ಹಗೆಯನ್ನು ಮತ್ತೆ ಬಳಕೆಗೆ ತಂದ ಹಾಗೂ ಆಗುತ್ತದೆ, ಆದರೆ ಕೀಟವೇ ಹಗೆ ಸಾಧಿಸುತ್ತಿದೆ ಅಂತ ಕೇಳಿಸಬಹುದೇನೋ ಅನ್ನುವ ಅಳುಕು ನನಗಿದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗಿಗೆ ಕಪ್ಪು ತಲೆ ಹುಳು ಬಿದ್ದಾಗ ಅದರ ಮೇಲೆ ಬಿಡಲು ಗೋನಿಯೋಜಸ್ ಅನ್ನುವ ಸಣ್ಣ ಕಣಜದ ಹುಳು ಕೊಡುತ್ತಾರಲ್ಲ, ಅದನ್ನು ತೋಟದಲ್ಲಿ ಬಿಡುವವರು ತಮ್ಮತಮ್ಮಲ್ಲಿ ಏನಂತ ಕರೆಯುತ್ತಾರೆ? ಪುಸ್ತಕದ ‘ಪರತಂತ್ರ ಜೀವಿ’ ಬೇಡ, ಮರದ ಕೆಳಗೆ ನಿಂತು ಆಡುವ ಮಾತು ಬೇಕು. ಗೊತ್ತಿದ್ದವರು ದಯವಿಟ್ಟು ಊರಿನ ಹೆಸರು ಸೇರಿಸಿ ಬರೆಯಿರಿ.