ಡಿ.ಫಾರ್ಮ್ ಸರ್ಟಿಫಿಕೇಟ್ ಬಾಡಿಗೆಗೆ ಕೊಡಲೋ, ಅಂಗಡಿಯಲ್ಲಿ ನಾನೇ ಕೂರಲೋ?

ಪ್ರಶ್ನೆ: ಕಾರಟಗಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರ. ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ ಮುಗಿಸಿದ್ದೇನೆ, ಟ್ರೇನಿಂಗೂ ಆಗಿದೆ. ಫಾರ್ಮಸಿ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿಕೊಂಡಿದ್ದೇನೆ. ಈಗ ಪರಿಚಯದವರೊಬ್ಬರು ಮನೆಗೆ ಬಂದು, "ನಿನ್ನ ಸರ್ಟಿಫಿಕೇಟ್ ಮೇಲೆ ಒಂದು ಮೆಡಿಕಲ್ ಹಾಕುತ್ತೇವೆ. ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ. ನೀನು ಅಂಗಡಿಗೆ ಬರುವುದೇ ಬೇಡ, ಬೆಂಗಳೂರಿಗೆ ಹೋಗಿ ಬೇರೆ ಕೆಲಸ ಹಿಡಿ" ಅಂದಿದ್ದಾರೆ.

ಅಪ್ಪನಿಗೆ ಇದು ಒಪ್ಪಿಗೆ. "ಚೀಟಿ ನೋಡಿ ಗುಳಿಗೆ ಕೊಡೋದು ಎಸ್ಸೆಸ್ಸೆಲ್ಸಿ ಹುಡುಗನೂ ಮಾಡುತ್ತಾನೆ. ಅದಕ್ಕೆ ನೀನು ಯಾಕೆ ದಿನವಿಡೀ ನಿಲ್ಲಬೇಕು" ಅನ್ನುತ್ತಾರೆ. ನನಗೆ ಮನಸ್ಸಿಲ್ಲ, ಆದರೆ ಅಪ್ಪನಿಗೆ ಏನು ಹೇಳಬೇಕು ಅಂತ ಗೊತ್ತಾಗುತ್ತಿಲ್ಲ. ಜಪಾನ್, ಥಾಯ್ಲೆಂಡ್ ಕಡೆ ಫಾರ್ಮಸಿಸ್ಟ್‌ಗಳು ಜನರ ಆರೋಗ್ಯಕ್ಕೆ ಬಹಳ ಕೆಲಸ ಮಾಡುತ್ತಾರೆ ಅಂತ ಕಾಲೇಜಿನಲ್ಲಿ ಹೇಳಿದ್ದರು. ನಮ್ಮ ಕಡೆ ಅದು ಆಗುವ ಮಾತಾ? ಕೌಂಟರಿನಲ್ಲಿ ಓದಿದವರು ಕೂತರೆ ನಿಜವಾಗಿ ಏನಾದರೂ ಫರಕು ಬೀಳುತ್ತದಾ? ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ಉತ್ತರ: ಸಿಂಧನೂರು ಮೆಡಿಕಲ್

ಕೊಡಬೇಡ ತಂಗಿ. ನಾನು ಸಿಂಧನೂರಿನಲ್ಲಿ ಬಹಳ ವರ್ಷಗಳಿಂದ ಮೆಡಿಕಲ್ ನಡೆಸುತ್ತಿದ್ದೇನೆ. ಕಾನೂನಿನ ಮಾತು ಆಮೇಲೆ. ಮೊದಲು ನಿಮ್ಮ ಅಪ್ಪ ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಭತ್ತ ನಾಟಿ ಮಾಡುವ ದಿನಗಳಲ್ಲಿ ಸಂಜೆ ಹೊತ್ತು ಯಾವುದಾದರೂ ಮೆಡಿಕಲ್ ಮುಂದೆ ಸುಮ್ನೆ ಹೋಗಿ ನಿಲ್ಲು. ಇಡೀ ದಿನ ಗದ್ದೆಯಲ್ಲಿ ಬಗ್ಗಿ ಬಂದ ಹೆಣ್ಣುಮಕ್ಕಳು "ಮೈಕೈ ನೋವಿಗೆ ಒಂದು ಡೋಸ್ ಕೊಡ್ರಿ" ಅನ್ನುತ್ತಾರೆ. ಚೀಟಿ ಇರುವುದಿಲ್ಲ. ಕೌಂಟರಿನ ಹುಡುಗ ಸ್ಟ್ರಿಪ್ ಕತ್ತರಿಸಿ ಮೂರ್ನಾಲ್ಕು ಗುಳಿಗೆ ಕಾಗದದಲ್ಲಿ ಕಟ್ಟಿ ಕೊಡುತ್ತಾನೆ. ಒಂದು ನೋವಿನ ಗುಳಿಗೆ ಡೈಕ್ಲೋಫೆನಾಕ್, ಒಂದು ಗ್ಯಾಸಿನದು, ಜೊತೆಗೆ ಒಂದು ಸಣ್ಣ ಗುಳಿಗೆ. ಆ ಸಣ್ಣದು ಡೆಕ್ಸಾಮೆಥಾಸೋನ್, ಅಂದರೆ ಸ್ಟೀರಾಯ್ಡ್. ರಾತ್ರಿ ಕಳೆಯುವುದರೊಳಗೆ ನೋವು ಇಳಿಯುತ್ತದೆ. "ಆ ಅಂಗಡಿ ಗುಳಿಗೆ ಚಲೋ ಹತ್ತುತ್ತದೆ" ಅಂತ ಓಣಿಗೆಲ್ಲ ಸುದ್ದಿಯಾಗುತ್ತದೆ. ತಿಂಗಳುಗಟ್ಟಲೆ ನುಂಗಿದ ಮೇಲೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಎಲುಬು ಸವೆಯುತ್ತದೆ. ಒಮ್ಮೆಲೇ ಬಿಟ್ಟರೂ ಅಪಾಯ, ಯಾಕಂದರೆ ದೇಹ ತಾನೇ ಮಾಡಿಕೊಳ್ಳಬೇಕಾದ ಸ್ಟೀರಾಯ್ಡ್ ಅಷ್ಟರಲ್ಲಿ ಕಡಿಮೆಯಾಗಿರುತ್ತದೆ. ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಡೈಕ್ಲೋಫೆನಾಕ್ ಕಿಡ್ನಿಗೆ ಹೊಡೆತ. ಆ ಹುಡುಗ ಕೆಟ್ಟವನಲ್ಲ. ಅವನಿಗೆ ಇದು ಗೊತ್ತಿಲ್ಲ ಅಷ್ಟೇ. ನಿನಗೆ ಗೊತ್ತು. ಫರಕು ಅಂದರೆ ಇದೇ.

ಇನ್ನು ಕೆಮ್ಮು. ನಮ್ಮ ಕಡೆಯಿಂದ ಎಷ್ಟು ಜನ ಗುಳೆ ಹೋಗುತ್ತಾರೆ ನಿನಗೆ ಗೊತ್ತೇ ಇದೆ. ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯವರು ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿ, ತಗಡಿನ ಶೆಡ್ಡಿನಲ್ಲಿ ಹತ್ತಾರು ಜನ ಮಲಗಿ, ಹಬ್ಬಕ್ಕೆ ಊರಿಗೆ ಬರುತ್ತಾರೆ. ಬರುವಾಗ ಕೆಮ್ಮು ತಂದಿರುತ್ತಾರೆ. ಮೊದಲು ಬರುವುದು ಮೆಡಿಕಲ್ಲಿಗೆ. ಯಾರಾದರೂ ಲೆವೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟುಬಿಟ್ಟರೆ ಏನಾಗುತ್ತದೆ ಗೊತ್ತಾ? ಆ ಔಷಧಿ ಟಿಬಿ ರೋಗಾಣುವಿನ ಮೇಲೂ ಸ್ವಲ್ಪ ಕೆಲಸ ಮಾಡುತ್ತದೆ. ಜ್ವರ ಇಳಿಯುತ್ತದೆ, ವಾಸಿಯಾಯಿತು ಅನಿಸುತ್ತದೆ. ಕಫದ ಪರೀಕ್ಷೆಯಲ್ಲೂ ರೋಗ ಸಿಗದೇ ಹೋಗಬಹುದು. ರೋಗ ಮಾತ್ರ ಒಳಗೇ ಬೆಳೆಯುತ್ತದೆ, ಮನೆಯ ಮಕ್ಕಳಿಗೂ ದಾಟುತ್ತದೆ.

ಅದಕ್ಕೆ ನಾನು ಕೆಮ್ಮಿನ ಔಷಧಿ ಕೇಳಿದವರನ್ನೆಲ್ಲ ಒಂದೇ ಮಾತು ಕೇಳುತ್ತೇನೆ, "ಎಷ್ಟು ದಿನ ಆಯ್ತು?" ಎರಡು ವಾರ ದಾಟಿದ್ದರೆ ಸಿರಪ್ ಕೊಡುವುದಿಲ್ಲ. ಸಂಜೆ ಜ್ವರ ಬರುತ್ತದಾ, ತೂಕ ಇಳಿದಿದೆಯಾ, ಕಫದಲ್ಲಿ ರಕ್ತ ಕಾಣಿಸಿತಾ ಅಂತ ಕೇಳಿ, ಒಂದು ಚೀಟಿ ಬರೆದು ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತೇನೆ. ಅಲ್ಲಿ ಪರೀಕ್ಷೆಯೂ ಫ್ರೀ, ಗುಳಿಗೆಯೂ ಫ್ರೀ. ಹಟ್ಟಿ ಕಡೆಯವರಾದರೆ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದೀರಾ ಅಂತಲೂ ಕೇಳುತ್ತೇನೆ. ಕಲ್ಲಿನ ದೂಳು ಕುಡಿದ ಶ್ವಾಸಕೋಶಕ್ಕೆ ಟಿಬಿ ಬೇಗ ಹತ್ತುತ್ತದೆ. ಟಿಬಿ ಔಷಧಿ ಮಾರುವ ಅಂಗಡಿಯವರು ರೋಗಿಯ ವಿವರ ಸರ್ಕಾರಕ್ಕೆ ತಿಳಿಸಲೇಬೇಕು ಅಂತ 2018ರಲ್ಲೇ ಆದೇಶ ಬಂದಿದೆ. ಪೇಷಂಟ್‌ಗೆ ಪೌಷ್ಟಿಕ ಆಹಾರಕ್ಕೆ ದುಡ್ಡೂ ಬರುತ್ತದೆ. ಮೊದಲು ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1000 ರೂಪಾಯಿ ಮಾಡಿದ್ದಾರೆ. ಇದನ್ನು ಎಷ್ಟು ಜನಕ್ಕೆ ಯಾರು ಹೇಳುತ್ತಾರೆ? ನಾವೇ ಹೇಳಬೇಕು.

ನೀನು ಬೇರೆ ದೇಶದ ಮಾತು ಕೇಳಿದೆಯಲ್ಲ. ಥಾಯ್ಲೆಂಡ್‌ನಲ್ಲಿ 2022ರಿಂದ ನೆಗಡಿ, ಕೆಮ್ಮು, ಭೇದಿ, ತಲೆನೋವಿನಂಥ ಸಣ್ಣ ತೊಂದರೆಗಳಿಗೆ ಸರ್ಕಾರಿ ವಿಮೆ ಇರುವವರು ನೇರ ಫಾರ್ಮಸಿಗೆ ಹೋಗಬಹುದು. ಫಾರ್ಮಸಿಸ್ಟ್ ವಿಚಾರಿಸಿ ಔಷಧಿ ಕೊಟ್ಟು, ಆಮೇಲೆ ಹೇಗಿದ್ದೀರಿ ಅಂತ ಮತ್ತೆ ವಿಚಾರಿಸುತ್ತಾರೆ. ಅದಕ್ಕೆ ಸರ್ಕಾರವೇ ಅವರಿಗೆ ದುಡ್ಡು ಕೊಡುತ್ತದೆ. ಜಪಾನಿನಲ್ಲಿ 1993ರಲ್ಲಿ ಸರ್ಪಸುತ್ತಿಗೆ ಬಂದ ಸೊರಿವುಡೀನ್ ಅನ್ನೋ ಹೊಸ ಗುಳಿಗೆಯನ್ನು ಕ್ಯಾನ್ಸರ್ ಔಷಧಿ ಫ್ಲೋರೋಯುರಾಸಿಲ್ ಜೊತೆ ತಗೊಂಡ ಹಲವರು ಸತ್ತರು. ಎರಡು ಔಷಧಿ ಬೇರೆ ಬೇರೆ ಕಡೆ ಬರೆದಿದ್ದರೆ ಒಬ್ಬರಿಗೆ ಇನ್ನೊಬ್ಬರದು ಗೊತ್ತಾಗುತ್ತಿರಲಿಲ್ಲ. ಈಗ ಅಲ್ಲಿ ಜನರ ಕೈಯಲ್ಲಿ ಒಂದು ಔಷಧಿ ಪುಸ್ತಕ ಇರುತ್ತದೆ, ಫಾರ್ಮಸಿಸ್ಟ್ ಪ್ರತಿ ಸಲ ಅದರಲ್ಲಿ ಬರೆದುಕೊಡುತ್ತಾರೆ. 2011ರ ಸುನಾಮಿಯಲ್ಲಿ ಆಸ್ಪತ್ರೆಯ ದಾಖಲೆಗಳು ಕೊಚ್ಚಿಹೋದಾಗ ಆ ಪುಸ್ತಕ ಉಳಿಸಿಕೊಂಡವರಿಗೆ ಅದೇ ಆಸರೆಯಾಯಿತು.

ನನಗೆ ತುಂಬಾ ಹಿಡಿಸಿದ್ದು ಈ ಪುಸ್ತಕ. ಇದಕ್ಕೆ ಯಾವ ಯಂತ್ರವೂ ಬೇಡ, ಯಾರ ಪರವಾನಗಿಯೂ ಬೇಡ. ಬಿಪಿ, ಶುಗರ್ ಇರುವ ನಮ್ಮ ಗಿರಾಕಿಗಳಿಗೆ ನಾನು ಮಕ್ಕಳ ಸಣ್ಣ ನೋಟ್‌ಬುಕ್ಕನ್ನೇ ಕೊಟ್ಟಿದ್ದೇನೆ. ಗುಳಿಗೆ ಹೆಸರು, ಎಷ್ಟು, ಯಾವಾಗ, ಅಷ್ಟು ಬರೆಯುತ್ತೇನೆ. ಓದಲು ಬರದವರಿಗೆ ಸೂರ್ಯ, ಚಂದ್ರ ಬಿಡಿಸುತ್ತೇನೆ. ರಾಯಚೂರಿಗೆ ದೊಡ್ಡ ಡಾಕ್ಟರ ಹತ್ತಿರ ಹೋದಾಗ ಅದನ್ನೇ ತೋರಿಸುತ್ತಾರೆ.

ಉತ್ತರ: ಗಂಗಾವತಿ ವ್ಯಾಪಾರಿ

ಎಲ್ಲಾ ಸರಿ ಸರ್. ಆದರೆ ನಾವು ಚೀಟಿ ಇಲ್ಲದೆ ಕೊಡಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅವನು ಕೊಡುತ್ತಾನೆ. ಬಾಡಿಗೆ, ಕರೆಂಟ್, ಹುಡುಗರ ಸಂಬಳ ಎಲ್ಲಿಂದ ಬರಬೇಕು? ಥಾಯ್ಲೆಂಡ್‌ನಲ್ಲಿ ಮಾತಾಡಿದ್ದಕ್ಕೆ ಸರ್ಕಾರ ದುಡ್ಡು ಕೊಡುತ್ತದೆ, ಇಲ್ಲಿ ಗುಳಿಗೆ ಮಾರಿದರೆ ಮಾತ್ರ ದುಡ್ಡು. ಮೊದಲು ಅದು ಬದಲಾಗಲಿ.

ಉತ್ತರ: ಲಿಂಗಸುಗೂರು ಅಕ್ಕ

ನಾನು ಫಾರ್ಮಸಿಸ್ಟ್ ಅಲ್ಲ, ಗಿರಾಕಿ. ಆದರೂ ಬರೆಯುತ್ತೇನೆ. ಕಾರಟಗಿ ತಂಗಿ, ನೀನು ಹುಡುಗಿ ಅನ್ನುವುದೇ ದೊಡ್ಡ ವಿಷಯ. ನಮ್ಮೂರಿನ ಮೆಡಿಕಲ್‌ಗಳಲ್ಲಿ ಗಂಡಸರೇ ನಿಂತಿರುತ್ತಾರೆ, ಹಿಂದೆ ನಾಲ್ಕು ಜನ ಪರಿಚಯದವರು ಇರುತ್ತಾರೆ. ಬಿಳಿಸೆರಗು ಹೋಗುತ್ತಿದೆ, ಮುಟ್ಟು ನಿಲ್ಲುತ್ತಿಲ್ಲ ಅಂತ ಅಲ್ಲಿ ಹೇಗೆ ಕೇಳುವುದು?

ನಾನು ಬಸುರಿ ಇದ್ದಾಗ ಕಬ್ಬಿಣದ ಗುಳಿಗೆ ಕೊಟ್ಟಿದ್ದರು. ಕಪ್ಪಗೆ ಸಂಡಾಸ ಆಯಿತು ಅಂತ ನಮ್ಮತ್ತೆ ಹೆದರಿ ನಿಲ್ಲಿಸಿಬಿಟ್ಟರು. ಹೆರಿಗೆ ಹೊತ್ತಿಗೆ ರಕ್ತ ಕಡಿಮೆ ಅಂತ ಓಡಾಡಬೇಕಾಯಿತು. ಆಮೇಲೆ ಒಬ್ಬ ನರ್ಸ್ ಹೇಳಿದ ಮೇಲೆ ಗೊತ್ತಾಗಿದ್ದು, ಆ ಗುಳಿಗೆ ತಗೊಂಡರೆ ಕಪ್ಪಗಾಗುವುದು ಸಹಜ, ಚಹಾ ಜೊತೆ ತಗೋಬಾರದು, ನಿಂಬೆಹಣ್ಣಿನ ಜೊತೆ ತಗೊಂಡರೆ ಚಲೋ ಹತ್ತುತ್ತದೆ ಅಂತ. ಗುಳಿಗೆ ಕೊಟ್ಟ ದಿನವೇ ಯಾರಾದರೂ ಈ ಮಾತು ಹೇಳಿದ್ದರೆ? ಅರ್ಧ ನಿಮಿಷವೂ ಬೇಕಿರಲಿಲ್ಲ. ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳು.

ಉತ್ತರ: ಬಳ್ಳಾರಿ ಆಸ್ಪತ್ರೆ ಫಾರ್ಮಸಿಸ್ಟ್

ಇಲ್ಲಿ ಅಂಗಡಿಯ ಮಾತೇ ಬಂದಿದೆ. ಆಸ್ಪತ್ರೆ ಸ್ಟೋರಿನ ಮಾತನ್ನೂ ಸೇರಿಸುತ್ತೇನೆ. 2024ರ ನವೆಂಬರ್‌ನಲ್ಲಿ ನಮ್ಮ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಿದ್ದು ಎಲ್ಲರಿಗೂ ನೆನಪಿದೆ. ಡ್ರಿಪ್ ಹಾಕುವ ರಿಂಗರ್ ಲ್ಯಾಕ್ಟೇಟ್ ಮೇಲೆ ಅನುಮಾನ ಬಂತು, ಸರ್ಕಾರ ಆ ಕಂಪನಿಯ ದ್ರಾವಣ ಬಳಸುವುದನ್ನು ನಿಲ್ಲಿಸಿತು. ಆ ಹೆಣ್ಣುಮಕ್ಕಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಂಥ ಹೊತ್ತಿನಲ್ಲಿ ಬೇಕಾಗುವುದು ಬ್ಯಾಚ್ ನಂಬರ್. ಯಾವ ಬ್ಯಾಚು ಯಾವತ್ತು ಬಂತು, ಯಾವ ವಾರ್ಡಿಗೆ ಹೋಯಿತು, ಉಳಿದ ಬಾಟಲಿ ಎಲ್ಲಿವೆ, ಇದು ಸ್ಟೋರಿನಲ್ಲಿ ಕೂತವರ ಪುಸ್ತಕದಲ್ಲಿ ಇದ್ದರೆ ಮಾತ್ರ ಸಿಗುತ್ತದೆ. ಔಷಧಿ ತಗೊಂಡ ಮೇಲೆ ಏನಾದರೂ ಕೆಟ್ಟದ್ದಾದರೆ ವರದಿ ಮಾಡಲು ದೇಶದಲ್ಲಿ 2010ರಿಂದ ಒಂದು ವ್ಯವಸ್ಥೆ ಇದೆ. 1800-180-3024ಗೆ ಫೋನ್ ಮಾಡಬಹುದು, ದುಡ್ಡು ಬೀಳಲ್ಲ. ಡಾಕ್ಟರೇ ಆಗಬೇಕಿಲ್ಲ, ಫಾರ್ಮಸಿಸ್ಟ್, ನರ್ಸ್, ರೋಗಿಯೂ ಮಾಡಬಹುದು. ಒಂದು ಊರಿನಿಂದ ಒಂದು ವರದಿ, ಇನ್ನೊಂದು ಊರಿನಿಂದ ಇನ್ನೊಂದು ಬಂದಾಗಲೇ ಒಂದು ಔಷಧಿಯ ತೊಂದರೆ ಬೆಳಕಿಗೆ ಬರುತ್ತದೆ. ಸರ್ಟಿಫಿಕೇಟ್ ಗೋಡೆಯ ಮೇಲಿದ್ದು, ಮನುಷ್ಯ ಊರಲ್ಲೇ ಇಲ್ಲದಿದ್ದರೆ ಈ ವರದಿ ಯಾರು ಮಾಡುತ್ತಾರೆ?

ಉತ್ತರ: ಸಿಂಧನೂರು ಮೆಡಿಕಲ್

ಗಂಗಾವತಿಯವರೇ, ನಿಮ್ಮ ಮಾತು ಸುಳ್ಳಲ್ಲ. ಮಾತಾಡಿದ್ದಕ್ಕೂ ಇಲ್ಲಿ ದುಡ್ಡು ಸಿಗಬೇಕು, ಅದನ್ನು ನಮ್ಮ ಸಂಘದವರು ಗಟ್ಟಿಯಾಗಿ ಕೇಳಬೇಕು. ಕೊರಿಯಾದಲ್ಲಿ 2000ದಲ್ಲಿ ಡಾಕ್ಟರು ಬರೆಯಬೇಕು, ಫಾರ್ಮಸಿಯವರು ಮಾತ್ರ ಕೊಡಬೇಕು ಅಂತ ಬೇರೆ ಮಾಡಿದಾಗ ಡಾಕ್ಟರುಗಳು ಮುಷ್ಕರವನ್ನೇ ಮಾಡಿದರು. ಆದರೂ ಸರ್ಕಾರ ಬಿಡಲಿಲ್ಲ. ವೈರಸ್ಸಿನ ನೆಗಡಿಗೆ ಆಂಟಿಬಯಾಟಿಕ್ ಬರೆಯುವುದು ಆಮೇಲೆ ಕಡಿಮೆಯಾಯಿತು. ಗಟ್ಟಿ ನಿಯಮ ಬಂದರೆ ಪಕ್ಕದ ಅಂಗಡಿಯ ಕಾಟವೂ ತಪ್ಪುತ್ತದೆ.

ನಿಯಮ ನಮ್ಮಲ್ಲೂ ಇದೆ ಅಲ್ವಾ? ಎಚ್1 ಪಟ್ಟಿಯ ಔಷಧಿಗೆ, ಅಂದರೆ ಚೀಟಿ ಇಲ್ಲದೆ ಮಾರಲೇಬಾರದ ಕೆಲವು ಆಂಟಿಬಯಾಟಿಕ್, ಟಿಬಿ ಔಷಧಿ, ನಿದ್ದೆ ಗುಳಿಗೆಯಂಥವಕ್ಕೆ, ಬೇರೆ ರಿಜಿಸ್ಟರ್ ಇಡಬೇಕು, ಡಾಕ್ಟರ ಹೆಸರು, ಪೇಷಂಟ್ ಹೆಸರು, ಎಷ್ಟು ಕೊಟ್ಟೆವು ಅಂತ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು ಅಂತ 2014ರಿಂದಲೇ ಇದೆ. ಗಿರಾಕಿ ಜಗಳಕ್ಕೆ ಬಂದರೆ ನಾನು ಆ ರಿಜಿಸ್ಟರ್ ತೆಗೆದು ಮುಂದಿಡುತ್ತೇನೆ, "ಚೀಟಿ ಇಲ್ಲದೆ ಇಲ್ಲಿ ಏನು ಬರೀಲಿ ಹೇಳಿ" ಅನ್ನುತ್ತೇನೆ. ಕೆಲವರು ಹೋಗುತ್ತಾರೆ, ನಿಜ. ಆದರೆ ಮಗುವಿಗೆ ಭೇದಿ ಆದಾಗ, ಅಪ್ಪನ ಶುಗರ್ ಇಳಿದು ಬೆವರಿದಾಗ ಅವರೇ ಓಡಿ ಬರುತ್ತಾರೆ.

ಭೇದಿ ಅಂದಾಗ ಇದೊಂದು ಹೇಳಲೇಬೇಕು. ಓಆರ್‌ಎಸ್ ಪ್ಯಾಕೆಟ್ ಕೊಟ್ಟು ಸುಮ್ನೆ ಕಳಿಸಬೇಡಿ. ತಾಯಂದಿರು ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟಕ್ಕೇ ಸುರಿಯುತ್ತಾರೆ. ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ನಾನು ಒಂದು ಲೀಟರಿನ ನೀರಿನ ಬಾಟಲಿ ಎತ್ತಿ ತೋರಿಸಿ, ಇಷ್ಟು ನೀರಿಗೆ ಇಡೀ ಪ್ಯಾಕೆಟ್ ಅನ್ನುತ್ತೇನೆ. ಆಮೇಲೆ ಅವರ ಬಾಯಲ್ಲೇ ಒಮ್ಮೆ ಹೇಳಿಸುತ್ತೇನೆ. ಕಲಸಿದ್ದು ಒಂದು ದಿನಕ್ಕೆ ಮಾತ್ರ. ಜೊತೆಗೆ ಝಿಂಕ್, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ, ಭೇದಿ ನಿಂತರೂ ಬಿಡಬಾರದು. ಇದರಲ್ಲಿ ನನಗೆ ಸಿಗುವ ಲಾಭ ಪುಡಿಗಾಸು. ಆದರೆ ಆ ಮಗುವಿಗೆ ಆಂಟಿಬಯಾಟಿಕ್ ಬಾಟಲಿ ಕಟ್ಟಿಕೊಟ್ಟು ಗಳಿಸುವ ಲಾಭ ನನಗೆ ಬೇಡ.

ಹತ್ತಿ, ಮೆಣಸಿನಕಾಯಿ ಇರುವ ಕಡೆ ಇನ್ನೊಂದು ಎಚ್ಚರ. ಔಷಧಿ ಹೊಡೆದು ಬಂದವನು "ವಾಂತಿಗೆ ಗುಳಿಗೆ ಕೊಡ್ರಿ" ಅಂದರೆ ಮೊದಲು ಕಣ್ಣು ನೋಡಿ. ಕಣ್ಣಿನ ಪಾಪೆ ಸಣ್ಣ ಚುಕ್ಕೆಯಾಗಿದ್ದು, ಜೊಲ್ಲು, ಬೆವರು ಸುರಿಯುತ್ತಿದ್ದರೆ ಅದು ಕೀಟನಾಶಕದ ವಿಷ. ಗುಳಿಗೆ ಕೊಟ್ಟು ಹೊತ್ತು ಕಳೆಯಬೇಡಿ. ಬಟ್ಟೆ ಬದಲಿಸಿ, ಮೈ ತೊಳೆಸಿ, ಹೊಡೆದ ಔಷಧಿಯ ಡಬ್ಬಿ ಕೈಗೆ ಕೊಟ್ಟು ಆಸ್ಪತ್ರೆಗೆ ಓಡಿಸಿ.

ಕಾರಟಗಿ ಹುಡುಗಿ

ಎಲ್ಲರಿಗೂ ಧನ್ಯವಾದ. ಲಿಂಗಸುಗೂರು ಅಕ್ಕ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ನಮ್ಮವ್ವನಿಗೂ ಹಂಗೇ ಆಗಿತ್ತಂತೆ. ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಆ ಪರಿಚಯದವರಿಗೆ "ತಡೀರಿ, ಯೋಚನೆ ಮಾಡುತ್ತೇವೆ" ಅಂದಿದ್ದಾರೆ. ಕಾನೂನಿನ ಮಾತು ಆಮೇಲೆ ಹೇಳುತ್ತೇನೆ ಅಂದಿದ್ದಿರಿ ಸರ್. ಬಾಡಿಗೆಗೆ ಕೊಟ್ಟು ಏನಾದರೂ ಆದರೆ ನನ್ನ ತಲೆಗೆ ಬರುತ್ತದಾ?

ಉತ್ತರ: ಸಿಂಧನೂರು ಮೆಡಿಕಲ್

ನಿನ್ನ ತಲೆಗೇ ಬರುತ್ತದೆ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಡಾಕ್ಟರ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. 2015ರ ನಿಯಮದಲ್ಲಿ ರೋಗಿಗೆ ತಿಳಿಸಿ ಹೇಳುವುದೂ ನಿನ್ನ ಕೆಲಸ ಅಂತಿದೆ. ಲೈಸೆನ್ಸಿನಲ್ಲಿ ನಿನ್ನ ಹೆಸರಿದ್ದು, ನಿದ್ದೆ ಗುಳಿಗೆಯೋ, ಚಟ ಹತ್ತಿಸುವ ನೋವಿನ ಗುಳಿಗೆ ಟ್ರಮಡಾಲೋ ಚೀಟಿ ಇಲ್ಲದೆ ಯಾರೋ ಹುಡುಗ ಮಾರಿದರೆ ಇನ್‌ಸ್ಪೆಕ್ಟರ್ ಮೊದಲು ಕೇಳುವುದು ನಿನ್ನನ್ನು. ಕೌನ್ಸಿಲ್ಲಿನವರು ಪಟ್ಟಿಯಿಂದ ಹೆಸರು ತೆಗೆಯಬಹುದು. ಆಗ ಓದಿದ್ದೆಲ್ಲ ನೀರುಪಾಲು.

ಅಪ್ಪನಿಗೆ ದುಡ್ಡಿನ ಚಿಂತೆ ಇರುವುದು ಸಹಜ. ಒಮ್ಮೆಲೇ ಸ್ವಂತ ಅಂಗಡಿ ಹಾಕಬೇಕಿಲ್ಲ. ಆ ಪರಿಚಯದವರಿಗೇ ಹೇಳಿ ನೋಡು, "ಸರ್ಟಿಫಿಕೇಟ್ ಜೊತೆ ನಾನೂ ಬರುತ್ತೇನೆ, ಸಂಬಳ ಕೊಡಿ, ಕೌಂಟರಿನಲ್ಲಿ ನನ್ನ ಮಾತು ನಡೆಯಬೇಕು" ಅಂತ. ಒಪ್ಪದಿದ್ದರೆ ಜನೌಷಧಿ ಕೇಂದ್ರಕ್ಕೆ ಅರ್ಜಿ ಹಾಕುವ ದಾರಿ ಇದೆ. ಅದಕ್ಕೂ ಮೊದಲು ನನ್ನ ಅಂಗಡಿಯಲ್ಲಿ ಕೆಲಸ ಕಲಿಯಬೇಕು ಅನಿಸಿದರೆ ಅಪ್ಪನನ್ನು ಕರೆದುಕೊಂಡು ಬಾ. ನಾಟಿ ಶುರುವಾಗುವುದರೊಳಗೆ ಬಂದರೆ ಚಲೋ, ಆಮೇಲೆ ಸಂಜೆ ಹೊತ್ತು ನನಗೆ ಮಾತಾಡಲು ಪುರುಸೊತ್ತು ಸಿಗುವುದಿಲ್ಲ.