ವೇಬ್ರಿಡ್ಜ್ ಲಾಗಿನ್ ಸಂಬಳದ ಫೋಲ್ಡರ್ ತೆರೆದಿದೆ, ಇಂಥದ್ದನ್ನು ಹಿಡಿಯುವುದು ಹೇಗೆ?

ಕುಶಾಲನಗರ_ಸಿಸ್ಟಂ ಬರೆದದ್ದು:
ನಮಸ್ಕಾರ ಎಲ್ಲರಿಗೂ. ಇಲ್ಲೊಂದು, ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ಮಾಡುವ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ ಎಲ್ಲಾ ನೋಡಿಕೊಳ್ಳುವವನು ನಾನೊಬ್ಬನೇ. 35 ಜನ, ಒಂದೇ ಫೈಲ್ ಸರ್ವರ್, ವಿಂಡೋಸ್ ಸರ್ವರ್ 2019. ಒಂದೊಂದು ತೋಟಕ್ಕೆ ಒಂದೊಂದು ಫೋಲ್ಡರ್. ತೂಕದ ಚೀಟಿ, ತೇವಾಂಶ, ಔಟ್‌ಟರ್ನ್ (ಎಷ್ಟು ಬೀಜ ಸಿಕ್ಕಿತು ಅನ್ನುವ ಲೆಕ್ಕ) ಎಲ್ಲಾ ಅದರೊಳಗೆ. ಪಕ್ಕದಲ್ಲೇ ಸಂಬಳ, ಬ್ಯಾಂಕ್ ಫೋಲ್ಡರ್.

ಹೋದ ತಿಂಗಳು ಸರ್ವರ್‌ನಲ್ಲಿ ಯಾರು ಯಾವ ಫೈಲ್ ಮುಟ್ಟಿದರು ಅಂತ ಬರೆದಿಡುವ ಆಡಿಟ್ ಆನ್ ಮಾಡಿ ಲಾಗ್ ಎಲ್ಲಾ ಒಂದು ಲಿನಕ್ಸ್ ಡಬ್ಬಕ್ಕೆ ಕಳಿಸಿದೆ. ಗಂಟೆಗೆ 500 ಫೈಲ್ ದಾಟಿದರೆ ಫೋನಿಗೆ ಮೆಸೇಜ್ ಬರುವ ಹಾಗೆ ಮಾಡಿದೆ. ಅಲ್ಲಿಂದ ಶುರುವಾಯಿತು ನೋಡಿ, ಊಟಕ್ಕೆ ಕೂತರೂ ಟಿಂಗ್, ಸ್ನಾನಕ್ಕೆ ಹೋದರೂ ಟಿಂಗ್, ಬಂದದ್ದರಲ್ಲಿ ಮುಕ್ಕಾಲು ಪಾಲು ಬ್ಯಾಕಪ್, ಆಂಟಿವೈರಸ್, ಇಲ್ಲಾ ಸ್ಕ್ಯಾನ್ ಮಾಡಿದ ಚೀಟಿಗಳ ಫೋಲ್ಡರ್ ತೆರೆದ ಅಕೌಂಟ್ಸ್ ಅಕ್ಕ. ಮೊನ್ನೆ ಮಾತ್ರ ಬೇರೆ ತರಹದ್ದು ಬಂತು. ಲಾರಿ ತೂಕ ಹಾಕುವ ವೇಬ್ರಿಡ್ಜ್‌ನ ಲಾಗಿನ್ ಬೆಳಗಿನ ಜಾವ 4.05ಕ್ಕೆ ನೂರೈವತ್ತಕ್ಕೂ ಜಾಸ್ತಿ ತೋಟಗಳ ಫೋಲ್ಡರ್ ಸುತ್ತಿ, ಸಂಬಳದ್ದಕ್ಕೂ ಹೋಗಿದೆ. ನಾಲ್ಕೇ ನಿಮಿಷದಲ್ಲಿ! ಸಾಹುಕಾರರಿಗೆ ಹೇಳುವ ಮೊದಲು ನಿಮ್ಮನ್ನು ಕೇಳೋಣ ಅನಿಸಿತು. ಇಷ್ಟು ಗಲಾಟೆಯಲ್ಲಿ ನಿಜವಾದದ್ದನ್ನು ಮಾತ್ರ ಹೆಕ್ಕುವುದು ಹೇಗೆ?

ಲಾಗ್_ಓದುಗ:
ಫೈಲ್ ಎಣಿಸುವುದನ್ನು ಬಿಡಿ. ಒಂದು ಫೋಲ್ಡರ್ ಕ್ಲಿಕ್ ಮಾಡಿದರೆ ಸಾಕು, ಎಕ್ಸ್‌ಪ್ಲೋರರ್ ಸುಮ್ನೆ ಒಳಗಿನ ಫೈಲ್‌ಗಳನ್ನೆಲ್ಲ ಮುಟ್ಟಿ ನೋಡುತ್ತದೆ, ಪುಟ್ಟ ಚಿತ್ರ ತೋರಿಸಬೇಕಲ್ವಾ. ಒಂದು ಲಾಗಿನ್ ಗಂಟೆಯಲ್ಲಿ ಎಷ್ಟು *ಬೇರೆ ಬೇರೆ* ಫೋಲ್ಡರ್‌ಗೆ ಹೋಯಿತು, ಅದನ್ನು ಎಣಿಸಿ. ಡಾಲರ್ ಗುರುತಿನಲ್ಲಿ ಮುಗಿಯುವ ಹೆಸರುಗಳು ಮೆಷಿನ್ ಅಕೌಂಟ್, ಅಂದರೆ ಜನರದ್ದಲ್ಲ, ಕಂಪ್ಯೂಟರ್‌ನದ್ದೇ ಲಾಗಿನ್, ಅವನ್ನು ಬೇರೆ ಲೆಕ್ಕಕ್ಕೆ ಹಾಕಿ. ಬ್ಯಾಕಪ್ ಲಾಗಿನ್ನೂ ಹಾಗೇ, ಆದರೆ ಪೂರ್ತಿ ಕಣ್ಣು ಮುಚ್ಚಬೇಡಿ. ಅದು ಬ್ಯಾಕಪ್ ಮೆಷಿನ್ ಬಿಟ್ಟು ಬೇರೆ ಐಪಿಯಿಂದ (ಕಂಪ್ಯೂಟರ್‌ನ ನೆಟ್‌ವರ್ಕ್ ವಿಳಾಸ) ಬಂದರೆ ಅದೇ ದೊಡ್ಡ ಸುದ್ದಿ.

ಇನ್ನೊಂದು ನಿಯಮ ನನಗೆ ತುಂಬಾ ಕೆಲಸಕ್ಕೆ ಬಂದಿದೆ: ಈ ಲಾಗಿನ್ ಈ ಫೋಲ್ಡರ್‌ಗೆ ಕಳೆದ 60 ದಿನದಲ್ಲಿ ಒಂದು ಸಲವಾದರೂ ಹೋಗಿತ್ತಾ? ಇಲ್ಲ ಅಂದರೆ ಬರೆದಿಡು. ಅಂಥ ಹೊಸ ಫೋಲ್ಡರ್ ಒಂದೇ ದಿನ ಹತ್ತಾದರೆ ಎಬ್ಬಿಸು.

ನೀವು ನೋಡುತ್ತಿರುವುದು ಫೈಲ್ ಮುಟ್ಟಿದಾಗ ಬೀಳುವ 4663 ಈವೆಂಟಾ? ಅದರಲ್ಲಿ ಐಪಿ ಇರುವುದಿಲ್ಲ. ಅದರ ಲಾಗಾನ್ ಐಡಿ ಹಿಡಿದು, ಲಾಗಿನ್ ಆದಾಗ ಬೀಳುವ 4624ರಲ್ಲಿ ಹುಡುಕಿ, ಲಾಗಾನ್ ಟೈಪ್ 3 (ನೆಟ್‌ವರ್ಕ್ ಮೂಲಕ ಬಂದದ್ದು) ಇರುವುದನ್ನು ನೋಡಿ, ಯಾವ ಕಂಪ್ಯೂಟರ್ ಅಂತ ಸಿಗುತ್ತದೆ. ಶೇರ್ ಮಾಡಿದ ಫೋಲ್ಡರ್ ಒಳಗಿನದ್ದನ್ನು ಮುಟ್ಟಿದಾಗ ಬೀಳುವ 5145ರಲ್ಲಾದರೆ ಐಪಿ ಅಲ್ಲೇ ಇದೆ, ಆದರೆ ಅದನ್ನು ಆನ್ ಮಾಡಿದರೆ ಎಲ್ಲಾ ಶೇರ್‌ಗಳದ್ದೂ ಸುರಿಯುತ್ತದೆ, ನಮ್ಮ ಜುಲೈ ಮಳೆ ಇದ್ದ ಹಾಗೆ.

ಗೋಣಿಕೊಪ್ಪದವಳು:
ಮೇಲಿನ ಅಣ್ಣ ಹೇಳಿದ್ದು ಸರಿ, ಆದರೆ 60 ದಿನದ ಲೆಕ್ಕ ನಮ್ಮ ಕಡೆ ಕೈಕೊಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಾಫಿ ಕಚೇರಿಗಳಲ್ಲಿ ಏನಿರುತ್ತದೆ ಹೇಳಿ? ಆ ಅಭ್ಯಾಸವನ್ನೇ ಸಿಸ್ಟಂಗೆ ಕಲಿಸಿದರೆ, ಪುತ್ತರಿ ಹಬ್ಬ ಮುಗಿದು ಕೊಯ್ಲು ಜೋರಾಗಿ ಲಾರಿಗಳು ಸಾಲು ನಿಂತಾಗ ಎಲ್ಲರೂ ಕಳ್ಳರ ಹಾಗೇ ಕಾಣುತ್ತಾರೆ. ಮಾರ್ಚ್ ಕ್ಲೋಸಿಂಗ್ ಕೇಳಲೇಬೇಡಿ. ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಲಾಗ್ ಅಷ್ಟು ಹಳೇದು ಇಲ್ಲದಿದ್ದರೆ ಅದೇ ಕೆಲಸ ಮಾಡುವ ಬೇರೆಯವರ ಜೊತೆ ಹೋಲಿಸಿ. ಅಕೌಂಟ್ಸ್‌ನ ನಾಲ್ಕೂ ಜನ ಇನ್ನೂರು ಫೋಲ್ಡರ್ ಮುಟ್ಟಿದರೆ ಅದು ಕೆಲಸ, ಒಬ್ಬರೇ ಮುಟ್ಟಿದರೆ ಪ್ರಶ್ನೆ.

ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ, ವೇಬ್ರಿಡ್ಜ್‌ಗೆ ಸಂಬಳದ ಫೋಲ್ಡರ್ ತೆರೆಯುವ ಪರ್ಮಿಷನ್ ಕೊಟ್ಟವರು ಯಾರು?

ಮಳೆನಾಡು_ನೆಟ್:
4.05 ಅಂತ ಎಲ್ಲಿ ನೋಡಿದಿರಿ? ಲಿನಕ್ಸ್ ಡಬ್ಬದಲ್ಲಾದರೆ ಅದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ ಇರಬಹುದು. ವಿಂಡೋಸ್ ಈವೆಂಟ್ ಒಳಗೆ ಸಮಯ ಕೂರುವುದು ಯುಟಿಸಿಯಲ್ಲಿ, ಈವೆಂಟ್ ವ್ಯೂವರ್ ಮಾತ್ರ ನಮ್ಮ ಸಮಯಕ್ಕೆ ತಿರುಗಿಸಿ ತೋರಿಸುತ್ತದೆ. ಐದೂವರೆ ಗಂಟೆ ಸೇರಿಸಿ ನೋಡಿ.

ಕುಶಾಲನಗರ_ಸಿಸ್ಟಂ:
ಅಯ್ಯೋ ಮಾರಾಯ್ರೆ, ಬೆಳಿಗ್ಗೆ 9.35 ಅದು! ಎರಡು ರಾತ್ರಿ ನಿದ್ದೆ ಕೆಡಿಸಿಕೊಂಡೆ ಸುಮ್ನೆ.

ಲಾಗಾನ್ ಐಡಿ ಹಿಡಿದು ಹುಡುಕಿದೆ. ಐಪಿ ಅಕೌಂಟ್ಸ್ ರೂಮಿನದ್ದು. ಹೋದ ವಾರ ಕರೆಂಟ್ ಹೋಗಿ ಬಂದಾಗ ಅಕ್ಕನ ಕಂಪ್ಯೂಟರ್ ಸುಟ್ಟುಹೋಗಿತ್ತು. ವೇಬ್ರಿಡ್ಜ್‌ನಲ್ಲಿ ಸ್ಪೇರ್ ಇದ್ದದ್ದನ್ನು ನಾನೇ ತಂದು ಅವರ ಮೇಜಿನ ಮೇಲೆ ಇಟ್ಟಿದ್ದೆ. ಸರ್ವರ್‌ಗೆ ಹೋಗುವ ಝಡ್ ಡ್ರೈವ್‌ಗೆ ವೇಬ್ರಿಡ್ಜ್‌ನ ಹಳೇ ಲಾಗಿನ್, ಪಾಸ್‌ವರ್ಡ್ ಅದರಲ್ಲೇ ಸೇವ್ ಆಗಿದೆ. ಅಕ್ಕ ಡ್ರೈವ್ ತೆರೆದು, ಮೇಲೆ ಸರ್ಚ್‌ನಲ್ಲಿ ಒಂದು ತೋಟದ ಹೆಸರು ಹೊಡೆದಿದ್ದಾರೆ. ಅದು ಸಂಬಳ, ಬ್ಯಾಂಕ್ ಬಿಡದೆ ಒಂದೊಂದೇ ಫೋಲ್ಡರ್ ಸುತ್ತಿ ಬಂದಿದೆ.

ಲಾಗ್_ಓದುಗ:
ಹಾಗಾದರೆ ಒಳ್ಳೆಯದು. ಆದರೆ ಕಳ್ಳ ಬಂದರೂ ಲಾಗ್ ಹೀಗೇ ಕಾಣುತ್ತದೆ, ಅದಕ್ಕೇ ನಿಯಮ ತೆಗೆಯಬೇಡಿ. 'ಸಂಬಳ ಹಳೇದು' ಅಂತ ಒಂದು ಸುಳ್ಳು ಫೋಲ್ಡರ್ ಮಾಡಿ ಒಳಗೊಂದು ಫೈಲ್ ಇಡಿ. ಫೋಲ್ಡರ್ ನೋಡಿದ್ದಕ್ಕೆ ಅಲರ್ಟ್ ಬೇಡ, ಹೆಸರು ಹುಡುಕಿದರೂ ಅದು ಹೊಡೆಯುತ್ತದೆ. ಆ ಫೈಲನ್ನು ಓದಿದರೆ ಮಾತ್ರ. ಆಂಟಿವೈರಸ್, ಬ್ಯಾಕಪ್ ಬಿಟ್ಟು ಬೇರೆ ಯಾರಿಗೂ ಅಲ್ಲಿ ಕೆಲಸ ಇಲ್ಲವಲ್ಲ.

ಗೋಣಿಕೊಪ್ಪದವಳು:
ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ :)

ಕುಶಾಲನಗರ_ಸಿಸ್ಟಂ:
ಗೋಣಿಕೊಪ್ಪದ ಅಕ್ಕ, ಆ ಪರ್ಮಿಷನ್ ನಾನೇ ಕೊಟ್ಟದ್ದು. ಸರ್ವರ್ ಹಾಕಿದ ದಿನ 'ಎಲ್ಲರಿಗೂ' ಅಂತ ಟಿಕ್ ಮಾಡಿ ಮನೆಗೆ ಹೋಗಿದ್ದೆ. ಇವತ್ತು ಮಧ್ಯಾಹ್ನ ತೆಗೆದೆ. ಈಗ ವೇಬ್ರಿಡ್ಜ್‌ನಿಂದ ಫೋನ್ ಮೇಲೆ ಫೋನ್. ಅವರ ಓವರ್‌ಟೈಮ್ ಶೀಟ್ ಸಂಬಳದ ಫೋಲ್ಡರ್ ಒಳಗೇ ಇತ್ತಂತೆ.